ಭರಮಪ್ಪನ ಮೀಸೆಗೆ ಹಚ್ಚಿದ ಬಣ್ಣ

ಭರಮಪ್ಪನ ಮೀಸೆಗೆ ಹಸಿರು ಹಚ್ಚಬೇಕೋ ನೀಲಿ ಹಚ್ಚಬೇಕೋ ಎಂಬುದು ೧೯೮೭ರ ಮಳೆಗಾಲದಲ್ಲಿ ನವಲಗುಂದ ತಾಲೂಕಿನ ಆ ಊರಿನ ಮುಂದಿದ್ದ ಅತ್ಯಂತ ಗಹನವಾದ ಪ್ರಶ್ನೆ. ಮಂಡಲ ಪಂಚಾಯಿತಿಗೆ ಪ್ರಧಾನ ಯಾರೆಂಬುದನ್ನು ಊರು ಚಳಿಗಾಲದಲ್ಲೇ ಬಗೆಹರಿಸಿಕೊಂಡಿತ್ತು. ಅದಕ್ಕೂ ಇಷ್ಟು ವಾದ ನಡೆದಿರಲಿಲ್ಲ. ಈಗ ವಾದಿಸುತ್ತಿದ್ದವರಿಗೆ ಮಾತ್ರ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ.

ವಾದ ನಡೆದದ್ದು ಬಾಲವಾಡಿಯಲ್ಲಿ. ಬಾಲವಾಡಿ ಇದ್ದದ್ದು ಭರಮಪ್ಪನ ಹೊಟ್ಟಿನ ಕೋಣೆಯಲ್ಲಿ. ಚುನಾವಣೆಗೆ ನಿಂತ ಹುರುಪಿನಲ್ಲಿ ಅವನು ಆ ಕೋಣೆಯನ್ನು ಊರ ಮಕ್ಕಳಿಗೆ ಬಿಟ್ಟುಕೊಟ್ಟಿದ್ದ; ಗೂಳಪ್ಪನ ಎದುರು ಸೋತ ಮೇಲೆ ವಾಪಸು ಕೇಳಲು ನಾಚಿಕೆ ಅಡ್ಡ ಬಂದಿತ್ತು. ಹಂಚದೆ ಉಳಿದ ಅವನ ಕರಪತ್ರಗಳ ಗಂಟೂ ಅಲ್ಲೇ ಮೂಲೆಯಲ್ಲಿ ಬಿದ್ದಿತ್ತು. ಅದರಲ್ಲಿ ಫೋಟೋ ಇರಲಿಲ್ಲ, ಬರೀ ಗೆರೆಯ ಚಿತ್ರ: ರುಮಾಲು, ಹುಬ್ಬು, ಮೂಗು, ಮೂಗಿಗಿಂತ ದೊಡ್ಡ ಮೀಸೆ, ಕೆಳಗೆ ದಪ್ಪ ಅಕ್ಷರದಲ್ಲಿ ‘ಭರಮಪ್ಪ’.

ಟೀಚರು ರೇಣುಕವ್ವ. ಅಳ್ನಾವರದ ಗಂಡನ ಮನೆ ಬಿಟ್ಟು ಬಂದು ಅಣ್ಣನ ಮನೆ ಸೇರಿದ್ದಳು. ಬಾಲವಾಡಿಯ ಪಗಾರ ಬರುತ್ತಿರುವಷ್ಟು ದಿನ ಅತ್ತಿಗೆ ತಾಟಿಗೆ ರೊಟ್ಟಿ ಹಾಕುತ್ತಿದ್ದಳು; ಒಮ್ಮೆ ಪಗಾರ ತಡವಾದಾಗ ರೊಟ್ಟಿಯೂ ತಡವಾಗಿತ್ತು. ಕೆಲಸ ಹೋದರೆ ಆ ಮನೆಯಲ್ಲಿ ತನ್ನ ಸ್ಥಾನ ಏನೆಂಬುದು ಅವಳಿಗೆ ಅಂದೇ ಗೊತ್ತಾಗಿತ್ತು.

ಮಗು ಬಣ್ಣ ತುಂಬುವಾಗ ಆ ವಸ್ತುವಿನ ಹೆಸರು ಅದರ ಕಿವಿಗೆ ಬೀಳಬೇಕು, ಬಾಯಿಂದ ಬರಬೇಕು, ಕೆಳಗಿನ ಅಕ್ಷರ ಕಣ್ಣಿಗೆ ಬೀಳಬೇಕು, ಆಮೇಲೆ ಓದು ತಾನಾಗಿ ಬರುತ್ತದೆ ಎಂದು ಧಾರವಾಡದ ತರಬೇತಿಯಲ್ಲಿ ಹೇಳಿದ್ದರು. ತಾಲೂಕಿನಿಂದ ಬಣ್ಣದ ಕಡ್ಡಿಗಳ ಡಬ್ಬಿ ಬಂತು. ಚಿತ್ರದ ಹಾಳೆ ಬರಲಿಲ್ಲ. ರೇಣುಕವ್ವ ಭರಮಪ್ಪನ ಹತ್ತಿರ ಹೋಗಿ ಕರಪತ್ರ ಕೇಳಿದಳು.

“ಹಿಂದಿನ ಮಗ್ಗಲ ಖಾಲಿ ಐತಿ, ಬರಕೋ ತಂಗಿ,” ಎಂದ ಭರಮಪ್ಪ.

ಹಿಂದಿನ ಮಗ್ಗುಲಲ್ಲಿ ಅವಳು ಬರೆದ ಆನೆ ಎಮ್ಮೆಯಂತಾಯಿತು, ಎಮ್ಮೆ ಯಾವುದರಂತೆಯೂ ಆಗಲಿಲ್ಲ. ಮುಂದಿನ ಮಗ್ಗುಲಲ್ಲಿ ಸಿದ್ಧವಾದ ಮುಖವೊಂದಿತ್ತು. ಅವಳು ಹಾಳೆ ತಿರುಗಿಸಿದಳು.

ಮಕ್ಕಳಿಗೆ ಪಾಠ ಅಗದಿ ಚಲೋ ಹತ್ತಿತು. ದಾವೂದಸಾಬನ ಮಗಳು ಹಲೀಮಾಬಿ ಅಲ್ಲಿಯ ತನಕ ಬಾಲವಾಡಿಯಲ್ಲಿ ಬಾಯಿ ಬಿಟ್ಟಿದ್ದು ಅಳಲು ಮಾತ್ರ. ಶ್ರಾವಣ ಬರುವುದರೊಳಗೆ ಅವಳು ಹುಬ್ಬು, ಕಿವಿ, ಗಲ್ಲ, ಮೀಸಿ ಎನ್ನುತ್ತ ಒಂದೊಂದಕ್ಕೂ ಬಣ್ಣ ತುಂಬಿದಳು; ಕಿರಾಣಿ ಅಂಗಡಿಯ ಹೆಸರಿನ ಪಾಟಿಯ ಮೇಲೆ ‘ಭ’ ಕಂಡು ನಿಂತು ಓದಿದಳು. ಹಾಳೆಗಳು ಮನೆಗೆ ಹೋದವು. ಮತ ಕೊಡದ ಮನೆಗಳ ಗೋಡೆಯನ್ನೂ ಭರಮಪ್ಪ ಏರಿದ, ಹಸಿರು ಮೀಸೆ ಹೊತ್ತು. ಕಟ್ಟೆಯ ಮೇಲಿನವರು ಅವನನ್ನು ಕಂಡಾಗ ಇವತ್ತು ಯಾವ ಬಣ್ಣವೆಂದು ಬಲು ಕಾಳಜಿಯಿಂದ ವಿಚಾರಿಸತೊಡಗಿದರು. ಕೂಸುಗಳ ಆಟ ಎಂದು ಭರಮಪ್ಪ ನಕ್ಕು ಸಾಗುತ್ತಿದ್ದ. ನಗು ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು.

ಪ್ರಧಾನ ಗೂಳಪ್ಪ ಬಾಲವಾಡಿ ನೋಡಲು ಬಂದವನು ಹಾಳೆಗಳನ್ನು ಒಂದೊಂದಾಗಿ ತಿರುವಿ ಹಾಕಿ, ಕಣ್ಣೊರೆಸಿಕೊಳ್ಳುವಷ್ಟು ನಕ್ಕ. ಇಂಥ ವಿದ್ಯೆಯನ್ನು ಕೋಣೆಯೊಳಗೆ ಮುಚ್ಚಿಡಬಾರದು, ಸ್ವಾತಂತ್ರ್ಯ ದಿನ ಊರ ಮುಂದೆ ತೋರಿಸಬೇಕು ಎಂದ. “ನಿನ್ನ ಕೆಲಸಾ ಕಾಯಂ ಮಾಡಸೂದು ನನಗ ಬಿಡವಾ.” ಅವನು ಯಾಕೆ ನಗುತ್ತಿದ್ದಾನೆಂದು ರೇಣುಕವ್ವನಿಗೆ ತಿಳಿಯದೆ ಇರಲಿಲ್ಲ. ಆದರೆ ‘ಕಾಯಂ’ ಎಂಬ ಮಾತು ಕೇಳಿದ ಮೇಲೆ ಅವಳು ಉಳಿದದ್ದನ್ನು ಯೋಚಿಸುವುದು ಬಿಟ್ಟಳು. ಭರಮಪ್ಪನಿಗೆ ಒಂದು ಮಾತು ಮುಂಚೆ ಹೇಳಬಹುದಿತ್ತು. ಹೇಳಲಿಲ್ಲ.

ಧ್ವಜ ಏರಿತು. ಕೋಣೆ ಕೊಟ್ಟ ದಾನಿಯೆಂದು ಭರಮಪ್ಪನಿಗೆ ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿದ್ದರು. ರೇಣುಕವ್ವ ಹಾಳೆ ಎತ್ತಿ ಹಿಡಿದಳು. ಗೂಳಪ್ಪ ಅದನ್ನು ಅವಳ ಕೈಯಿಂದ ಮೆಲ್ಲಗೆ ಇಸಿದುಕೊಂಡ.

“ಹಾಳಿ ಯಾಕವಾ? ಅಸಲೇ ಮುಂದ ಕುಂತೈತಿ.”

ಅವನ ಬೆತ್ತ ಭರಮಪ್ಪನ ಮುಖದ ಕಡೆ ಚಾಚಿತು. ಮಕ್ಕಳು ಒಕ್ಕೊರಲಿನಿಂದ ಮೂಗು, ಕಿವಿ, ಮೀಸಿ ಎಂದವು. ಊರು ನಕ್ಕಿತು. ಹಲೀಮಾಬಿ ಮಾತ್ರ ನಗಲಿಲ್ಲ. ಅವಳಿಗೆ ಅಲ್ಲೊಂದು ತಪ್ಪು ಕಂಡಿತ್ತು.

“ಅಕ್ಕೋರ, ಮೀಸಿ ಹಸರ ಇಲ್ರಿ.”

“ಯಾರೋ ಹಚ್ಚೂದು ಮರತಾರವಾ, ನೀನಽ ಹಚ್ಚು,” ಎಂದು ಗೂಳಪ್ಪ ರೇಣುಕವ್ವನ ಕಡೆ ಕೈ ಚಾಚಿದ. ಡಬ್ಬಿ ಅವಳ ಕೈಯಲ್ಲಿತ್ತು. ಹಸಿರು ಕಡ್ಡಿ ತೆಗೆದು ಕೊಟ್ಟಳು.

ಎದ್ದರೆ ಕೂಸಿಗೆ ಹೆದರಿದ ಎನ್ನುತ್ತಾರೆ. ಬೈದರೆ ಕೂಸಿನ ಮೇಲೆ ಏರಿ ಹೋದ ಎನ್ನುತ್ತಾರೆ. ಭರಮಪ್ಪ ಕೂತೇ ಇದ್ದ. ಮೇಣದ ಕಡ್ಡಿ ಕೂದಲಿಗೆ ಹತ್ತಲಿಲ್ಲ, ತುಟಿಗೆ ಹತ್ತಿತು. ಗೆರೆ ದಾಟಬಾರದೆಂದು ಕಲಿತಿದ್ದ ಹಲೀಮಾಬಿ ನಾಲಿಗೆ ಕಚ್ಚಿಕೊಂಡು, ನಿಧಾನವಾಗಿ, ಮತ್ತೆ ಮತ್ತೆ ಉಜ್ಜಿದಳು. ನಗು ತಾಳಲಾರದವರು ನೆಲಕ್ಕೆ ಕುಸಿದು ಕೂತು ನಕ್ಕರು. ಕಡ್ಡಿ ಮುರಿದ ಮೇಲೆ ಭರಮಪ್ಪ ಹುಡುಗಿಯ ತಲೆ ಸವರಿ, ಶಾಣ್ಯಾಕಿ ಎಂದು ಹೇಳಿ, ಮುಖ ಒರೆಸಿಕೊಳ್ಳದೆ ಮನೆಗೆ ನಡೆದ.

ಸಂಜೆ ಬಂದು ಕೋಣೆ ಬಿಡಲು ಹೇಳಿದ.

“ಹಿಂದಿನ ಮಗ್ಗಲ ಅಂದಿದ್ನೆಲ್ಲ ತಂಗಿ,” ಎಂದ.

ರೇಣುಕವ್ವ ಗೂಳಪ್ಪನ ಮನೆಗೆ ಓಡಿದಳು. ಅವನು ಬಹಳ ಮರುಗಿದ. ತನ್ನ ಪಡಸಾಲೆಯನ್ನೇ ಮಕ್ಕಳಿಗೆ ಬಿಟ್ಟುಕೊಡುವುದಾಗಿ ಹೇಳಿದ. ಆದರೆ ಮನೆಯ ಹೆಣ್ಣುಮಕ್ಕಳು ಓಡಾಡುವ ಜಾಗ, ಹೊರಗಿನವರು ದಿನಾ ಬಂದು ಕೂರುವುದು ಸರಿಯಾಗುವುದಿಲ್ಲ ಎಂದ.

ಮುಂದಿನ ವಾರದಿಂದ ಬಾಲವಾಡಿ ಗೂಳಪ್ಪನ ಪಡಸಾಲೆಯಲ್ಲಿ ನಡೆಯಿತು. ಟೀಚರು ಅವನ ಸಣ್ಣ ಸೊಸೆ. ರೇಣುಕವ್ವ ಹೊಲದಲ್ಲಿ ಹೆಸರು ಕಾಯಿ ಬಿಡಿಸುವ ಕೂಲಿಗೆ ಹೋದಳು.