ಹಾಲು ಕಾಯುವ ಮುಚ್ಚಳ

ಬಹಳ ಹಿಂದೆ, ಹಾಲಿಗೆ ಇನ್ನೂ ಬುದ್ಧಿ ಬಂದಿರದ ಕಾಲದಲ್ಲಿ, ಒಬ್ಬ ಯೋಚನೆಗಾರನಿದ್ದ. ಅವನ ಮನೆಯ ಹಾಲು ಹೇಳದೆ ಕೇಳದೆ ಉಕ್ಕಿ ಒಲೆಯ ಪಾಲಾಗುತ್ತಿತ್ತು. ಏಳು ಹಗಲು ತಲೆ ಕೆರೆದುಕೊಂಡು ಅವನೊಂದು ಮುಚ್ಚಳ ಮಾಡಿದ. ಹಾಲು ಮೇಲೇಳುವ ಹೊತ್ತಿಗೆ ಸರಿಯಾಗಿ ಮುಚ್ಚಳ ಸೀಟಿ ಹೊಡೆಯುತ್ತಿತ್ತು. ಸೀಟಿಯ ಸದ್ದು ಒಂದು ನರಿಯ ಕಿವಿಗೆ ಬಿತ್ತು. ನರಿ ಬಂದು ಬಾಗಿಲಲ್ಲಿ ನಿಂತು, 'ಅಣ್ಣಾ ಅಣ್ಣಾ, ನಿನಗೆ ತಗಡು ಬಡಿದು ಕೊಡಲೇ' ಅಂದಿತು...

ಮೊಮ್ಮಗಳು ಇಕ್ಕಳ ಚಿಕ್ಕವಳಿದ್ದಾಗ ಅಜ್ಜಿ ಬಾಯಿಗೆ ತುತ್ತಿಟ್ಟದ್ದೇ ಈ ಕತೆಯ ಜೊತೆಗೆ. ಆ ನರಿ ಈಗ ಹೊಸ್ತಿಲಾಚೆ ಬಗ್ಗಿ ಚಪ್ಪಲಿ ಬಿಚ್ಚುತ್ತಿತ್ತು.

ಎಪ್ಪತ್ತು ದಾಟಿದ ನರಿ. ಬೆನ್ನು ಬಿಲ್ಲಾಗಿತ್ತು, ಬೆರಳುಗಳ ತುಂಬ ಹಳೆಯ ತಗಡು ಕೊಯ್ದ ಗೆರೆಗಳಿದ್ದವು. ಕುಳಿತಿದ್ದವರ ಮಾತು ತಟಕ್ಕನೆ ನಿಂತಿತು. ಮೂವತ್ತೆರಡು ವರ್ಷದಿಂದ ತಗಡು ಮೇಸ್ತ್ರಿ ಈ ಮನೆಯ ಮೆಟ್ಟಿಲು ಹತ್ತಿರಲಿಲ್ಲ.

ನಡುಮನೆಯಲ್ಲಿ ಅಜ್ಜ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಲಗಿದ್ದ. ಗೋಡೆಯ ಮೇಲೆ ಅವನ ಮೂರು ಪೇಟೆಂಟುಗಳು ಕಟ್ಟು ಹಾಕಿಸಿಕೊಂಡು ನಿಂತಿದ್ದವು: ಸೂಜಿಗೆ ದಾರ ಪೋಣಿಸುವ ಕೊಕ್ಕೆ, ಪೇಸ್ಟಿನ ಟ್ಯೂಬು ಹಿಂಡುವ ಕೀಲಿ, ಕೈ ಎಟುಕದವರು ಬೆನ್ನಿನ ಗುಂಡಿ ಹಾಕಿಕೊಳ್ಳುವ ಕೋಲು. ನಾಲ್ಕನೆಯ ಕಟ್ಟು ಮುಚ್ಚಳಕ್ಕೆಂದು ತಂದದ್ದು, ಮೂವತ್ತೆರಡು ವರ್ಷ ಖಾಲಿಯಾಗಿಯೇ ತೂಗಿತ್ತು. ಬೆಳಿಗ್ಗೆ ಚಿಕ್ಕಪ್ಪ ಅದರೊಳಗೆ ಅಜ್ಜನ ಫೋಟೊ ಹಾಕಿದ. ಅಳತೆ ಸರಿಯಾಗಿ ಕೂತಿತು.

ಮೇಸ್ತ್ರಿ ಹೆಣದ ಪಕ್ಕ ಮಂಡಿಯೂರಿದ. ಬಹಳ ಹೊತ್ತು ಮುಖ ನೋಡಿದ. ಆಮೇಲೆ ಅವನ ಕೈ ಮೆಲ್ಲಗೆ ಅಜ್ಜನ ಎದೆಜೇಬಿನೊಳಗೆ ಹೋಗಿ ಹೊರಬಂತು.

ಅದನ್ನು ಕಂಡದ್ದು ಇಕ್ಕಳ ಒಬ್ಬಳೇ. ಅವಳ ಕೈ ತನ್ನ ಅಂಗಿಯ ಒಳಜೇಬಿನಲ್ಲಿದ್ದ ಕಂದು ಲಕೋಟೆಯನ್ನು ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡಿತು.

*

ಅವಳಿಗೆ ಆ ಅಡ್ಡಹೆಸರು ಇಟ್ಟವನು ಅಜ್ಜನೇ. ಮೂರು ವರ್ಷದವಳು ಅವನ ಸ್ಕ್ರೂಡ್ರೈವರ್ ಹಿಡಿದಾಗ ಇಬ್ಬರು ಸೇರಿ ಎಳೆದರೂ ಬಿಟ್ಟಿರಲಿಲ್ಲವಂತೆ. ಈಗ ಅವಳಿಗೆ ಇಪ್ಪತ್ತನಾಲ್ಕು.

ಆ ಮನೆಯಲ್ಲಿ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿಯುತ್ತಿದ್ದದ್ದು ಬಾಯಿ ಮುಚ್ಚುವುದನ್ನು. ಅರ್ಜಿ ಹಾಕಿ ಪೇಟೆಂಟ್ ಕಚೇರಿಯ ಮೊಹರು ಬೀಳುವ ತನಕ ಯಾರಿಗೂ ಏನೂ ಕಾಣಿಸಬಾರದು. ಮೊದಲೇ ಹೊರಬಿದ್ದ ವಸ್ತು ಹೊಸದಲ್ಲ, ಹೊಸದಲ್ಲದ್ದಕ್ಕೆ ಪೇಟೆಂಟಿಲ್ಲ. ಬಾಗಿಲು ಬಡಿದ ಸದ್ದು ಕೇಳಿದರೆ ಕೆಲಸದ ಬೆಂಚಿನ ಮೇಲೆ ಹಸಿರು ಟವೆಲ್ಲು ಬೀಳುತ್ತಿತ್ತು. 'ನಿಮ್ಮಜ್ಜ ಒಳಗೇನು ಮಾಡ್ತಿದಾರೆ' ಎಂದು ಯಾರಾದರೂ ಕೇಳಿದರೆ 'ನಿದ್ದೆ' ಅನ್ನಬೇಕು. ಬೀದಿಯಲ್ಲಿ ಅಜ್ಜನಿಗೆ ನಿದ್ದೆಬುರುಕ ಎಂಬ ಹೆಸರೇ ಬಿದ್ದಿತ್ತು.

ಮೂರು ವಾರದ ಹಿಂದಿನ ಒಂದು ಮಧ್ಯಾಹ್ನ ಅಜ್ಜಿ ಔಷಧಿಗೆ ಜೇನು ಕಲಸಿ ಕುಡಿಸಿ ಲೋಟ ತೊಳೆಯಲು ಹೋದಳು. ಹಂಸದ ಗುರುತಿನ ಚಮಚ ಅಲ್ಲೇ ಉಳಿದಿತ್ತು. ಅಂಥವು ಮನೆಯಲ್ಲಿ ಆರು ಇದ್ದವು. ಅಕ್ಕ ಕೊಟ್ಟವು ಎಂದು ಅಜ್ಜಿ ಹೇಳುತ್ತಿದ್ದಳು. ಅಜ್ಜ ಚಮಚವನ್ನು ನೋಡುತ್ತ, ದಿಂಬಿನಡಿಯಿಂದ ಲಕೋಟೆ ತೆಗೆದ.

"ನಾನು ಹೋದ ದಿನ ಆ ಮೇಸ್ತ್ರಿ ಬಂದೇ ಬರ್ತಾನೆ. ಇದನ್ನ ಅವನ ಕೈಗೆ ಕೊಡು. ಅವನು ಓದೋವರೆಗೂ ಜೊತೇಲಿರು."

"ಆ ಕಳ್ಳನಿಗಾ?"

"ಕೊಡ್ತೀನಿ ಅನ್ನು."

"ಕೊಡ್ತೀನಿ."

"ಇನ್ನೊಂದು. ನಿಮ್ಮಜ್ಜಿ ಕಣ್ಣಿಗೆ ಇದು ಬೀಳಬಾರದು. ಆಕೆ ಕಣ್ಣೆದುರಿಗೆ ಬಂದರೆ ನಾನು ಎರಡು ಸಲ ಸತ್ತ ಹಾಗೆ."

*

"ಕೆಲಸದ ಕೋಣೆಗೆ ಬೀಗ ಹಾಕಿದೀಯ ತಾನೆ?" ಚಿಕ್ಕಪ್ಪ ಅವಳ ಕಿವಿಯ ಹತ್ತಿರ ಬಂದು ಕೇಳಿದ. "ಸಾವಿನ ಮನೆ ಬಾಗಿಲು ಬಡಿಯೋರಿಲ್ಲ, ತಡೆಯೋರಿಲ್ಲ. ಆ ಮನುಷ್ಯ ಸುಮ್ಮನೆ ಬಂದಿಲ್ಲ ನೋಡು."

"ಅಳೋಕೆ ಬಂದಿರಬಹುದು."

"ಅಳೋರು ಜೇಬಲ್ಲಿ ಕೈ ಇಟ್ಕೊಂಡು ಬರ್ತಾರಾ? ಅಪ್ಪ ಕೊನೇದಾಗಿ ಏನೋ ಮಾಡ್ತಿದ್ದರು. ಅದರ ನಕ್ಷೆ ಎಲ್ಲಿದೆ, ನಿನಗೇನಾದರೂ ಗೊತ್ತಾ?"

ಇಕ್ಕಳ ತಲೆ ಅಲ್ಲಾಡಿಸಿದಳು. ಚಿಕ್ಕಪ್ಪನ ಕಣ್ಣು ಅವಳ ಎದೆಯ ಮೇಲಿದ್ದ ಕೈಯ ಮೇಲೆ ಒಂದು ಗಳಿಗೆ ಕೂತು ಎದ್ದಿತು. ಇವನ ಮೇಲೂ ಒಂದು ಕಣ್ಣಿಟ್ಟಿರಬೇಕು ಎಂದುಕೊಂಡಳು.

ಮೂಲೆಯಲ್ಲಿ ಪಕ್ಕದ ಮನೆಯ ದರ್ಜಿಯಮ್ಮ ಮೂಗು ಒರೆಸಿಕೊಳ್ಳುತ್ತ ಹೇಳುತ್ತಿದ್ದಳು: "ಪುಣ್ಯಾತ್ಮ. ಬೆನ್ನಿನ ಗುಂಡಿ ಹಾಕೋ ಕೋಲು ಮೊದಲು ಕೊಟ್ಟಿದ್ದೇ ನನಗೆ. ನಮ್ಮ ಯಜಮಾನರು ಈಗ ಅದರಲ್ಲಿ ಬೆನ್ನು ಕೆರಕೊಳ್ತಾರೆ."

"ಅದಕ್ಕೂ ಒಂದು ಅರ್ಜಿ ಹಾಕಬೇಕಿತ್ತು," ಅಂದರು ಯಾರೋ. ನಗಬಾರದ ಜಾಗದಲ್ಲಿ ನಾಲ್ಕು ಜನ ನಕ್ಕು ತಲೆ ತಗ್ಗಿಸಿದರು.

ಮೇಸ್ತ್ರಿ ಹೊರಗೆ ಹೋಗಿ ಕಾಂಪೌಂಡಿಗೆ ಒರಗಿ ನಿಂತಿದ್ದ. ಇಕ್ಕಳ ನೇರ ಅವನೆದುರು ಹೋಗಿ ನಿಂತಳು.

"ಅಜ್ಜನ ಜೇಬಿಂದ ಏನು ತಗೊಂಡ್ರಿ?"

"ತಗೊಳ್ಳಲಿಲ್ಲ ತಾಯಿ. ಇಟ್ಟೆ. ಅವನದು, ಅವನಿಗೆ ಕೊಟ್ಟೆ."

"ಏನು?"

"ಅವನಿಗೆ ಗೊತ್ತು," ಅಂದು ಮೇಸ್ತ್ರಿ ರಸ್ತೆಯ ಕಡೆ ಮುಖ ತಿರುಗಿಸಿದ.

ಸತ್ತವರನ್ನು ಸಾಕ್ಷಿಗೆ ಕರೆಯುವುದು ಸುಲಭ. ಅವಳು ಒಳಗೆ ಬಂದು, ಹೊದಿಕೆ ಸರಿಪಡಿಸುವವಳಂತೆ ಬಗ್ಗಿ, ಅಜ್ಜನ ಜೇಬಿಗೆ ಎರಡು ಬೆರಳು ಇಳಿಸಿದಳು. ತಣ್ಣಗಿನದೊಂದು ಸಿಕ್ಕಿತು, ಮುಷ್ಟಿಯಲ್ಲಿ ಮರೆಸಿ ಹೊರತೆಗೆದಳು. ಹೆಬ್ಬೆರಳಿನಷ್ಟು ಉದ್ದದ ತಗಡಿನ ಸೀಟಿ, ಒಂದು ತುದಿಗೆ ಸ್ಕ್ರೂವಿನಂಥ ತಿರುವು. ಅಡುಗೆಮನೆಯ ಹಳೇ ಮುಚ್ಚಳದ ನಡುವೆ ಇಂಥದೇ ತಿರುವಿನ ತೂತು ಖಾಲಿ ಬಿದ್ದಿರುವುದನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಳು.

ಅಂದರೆ ಕತೆ ನಿಜ. ನರಿ ಕದ್ದ ಮಾಲನ್ನು ತಾನೇ ತಂದೊಪ್ಪಿಸಿದೆ.

*

ಮೂವತ್ತೆರಡು ವರ್ಷದ ಹಿಂದೆ ಅಜ್ಜ ಪಾತ್ರೆ ಅಂಗಡಿಯ ಮುಂದೆ ಹಾದುಹೋಗುವಾಗ ಅಲ್ಲಿ ತನ್ನದೇ ಮುಚ್ಚಳ ತೂಗುತ್ತಿರುವುದನ್ನು ಕಂಡ. ಯಾವುದೋ ಕಾರ್ಖಾನೆಯದು. ಅದೇ ಅಂಚು, ಅದೇ ಏಳು ತೂತು, ಅದೇ ಸೀಟಿ. ಅವನ ಅರ್ಜಿ ಇನ್ನೂ ಕಚೇರಿಯ ಮೇಜಿನ ಮೇಲೇ ಇತ್ತು. ಆ ಮುಚ್ಚಳ ಮನೆಯ ಹೊರಗೆ ಗೊತ್ತಿದ್ದದ್ದು ಒಬ್ಬನಿಗೇ, ತಗಡು ಬಡಿದು ಕೊಟ್ಟವನಿಗೆ.

ಅಜ್ಜ ಅಂಗಡಿಯಿಂದ ಸೀದಾ ಮೇಸ್ತ್ರಿ ತಗಡು ಬಡಿಯುತ್ತಿದ್ದ ಕೊಟ್ಟಿಗೆಗೆ ನಡೆದ. ನಡುಬೀದಿಯಲ್ಲಿ ನಿಂತು, "ಮನೆ ಮುರುಕ, ಎಷ್ಟಕ್ಕೆ ಮಾರ್ಕೊಂಡೆ ನನ್ನ?" ಎಂದು ಕೂಗಿದ. ಮೇಸ್ತ್ರಿ ಒಂದು ಮಾತೂ ಆಡಲಿಲ್ಲ. ಆಡದವನು ತಪ್ಪಿತಸ್ಥ ಎಂದು ಬೀದಿ ತೀರ್ಮಾನಿಸಿತು. ವರ್ಷ ತುಂಬುವುದರೊಳಗೆ ಅವನ ಕೊಟ್ಟಿಗೆಗೆ ಪಾತ್ರೆ ತರುವವರು ನಿಂತರು. ಅವನು ಪೇಟೆಯ ಆಚೆ ತುದಿಗೆ ಹೋಗಿ ಬಕೆಟ್ಟುಗಳಿಗೆ ತಳ ಹಾಕುತ್ತ ಬದುಕಿದ.

*

ಇಕ್ಕಳ ಕೆಲಸದ ಕೋಣೆಯ ಬಾಗಿಲು ಹಾಕಿಕೊಂಡಳು. ಅಜ್ಜನಿಗೆ ಕೊನೆಗಾಲದಲ್ಲಿ ಬುದ್ಧಿ ಮಂಕಾಗಿತ್ತು, ಇಲ್ಲವಾದರೆ ಕೊನೆಯ ನಕ್ಷೆಯನ್ನು ಕಳ್ಳನಿಗೆ ದಾನ ಮಾಡುತ್ತಿದ್ದನೇ? ಕೊಟ್ಟ ಮಾತು ಮುರಿದರೂ ಸರಿ, ಏನೆಂದು ನೋಡಿಯೇ ಬಿಡಬೇಕು. ಲಕೋಟೆಯ ಬಾಯಿ ಹರಿದಳು.

ನಕ್ಷೆ ಇರಲಿಲ್ಲ. ಹಳದಿಗಟ್ಟಿದ ಎರಡು ಹಾಳೆ. ಮೊದಲನೆಯದು ಪೇಟೆಂಟ್ ಕಚೇರಿಯದು: ಅರ್ಜಿ ತಿರಸ್ಕರಿಸಲಾಗಿದೆ, ಅರ್ಜಿಗೆ ನಾಲ್ಕು ತಿಂಗಳು ಮೊದಲೇ ಈ ವಸ್ತು ಒಂದು ಮಾಸಪತ್ರಿಕೆಯಲ್ಲಿ ಪ್ರಕಟವಾಗಿದೆ, ಪ್ರತಿ ಲಗತ್ತಿಸಿದೆ. ತಾರೀಖು ಆ ಬೀದಿ ಜಗಳದ ಎರಡು ತಿಂಗಳ ನಂತರದ್ದು.

ಎರಡನೆಯದು ಪತ್ರಿಕೆಯ ಪುಟ. 'ಓದುಗಿಯರ ಜಾಣ್ಮೆ.' ಹಾಲು ಉಕ್ಕದ ಮುಚ್ಚಳ ಮಾಡಿಸಿಕೊಳ್ಳುವ ಬಗೆ, ಏಳು ತೂತು, ನಡುವೆ ಸೀಟಿ, ಜೊತೆಗೊಂದು ಕೈಬರಹದ ಚಿತ್ರ. ಪಾತ್ರೆಗೆ ಬೆಕ್ಕಿನ ಕಿವಿಯಂಥ ಎರಡು ಹಿಡಿ. ಕತೆ ಹೇಳುವಾಗ ಸ್ಲೇಟಿನ ಮೇಲೆ ಅಜ್ಜಿ ಬರೆಯುತ್ತಿದ್ದ ಪಾತ್ರೆಗಳಿಗೆಲ್ಲ ಅದೇ ಕಿವಿ. ಕೆಳಗೆ ಸಣ್ಣ ಅಕ್ಷರದಲ್ಲಿತ್ತು: 'ಕಳಿಸಿದವರು: ಒಬ್ಬ ಯೋಚನೆಗಾರನ ಹೆಂಡತಿ. ಈ ತಿಂಗಳ ಬಹುಮಾನ: ಹಂಸದ ಗುರುತಿನ ಆರು ಚಮಚ.'

ಕತೆಯಲ್ಲಿ ನರಿಯನ್ನು ಅನುಮಾನಿಸಬಹುದು, ಯೋಚನೆಗಾರನನ್ನೂ ಅನುಮಾನಿಸಬಹುದು. ಕತೆ ಹೇಳುವವಳನ್ನು ಅನುಮಾನಿಸಬೇಕೆಂದು ಅವಳಿಗೆ ಯಾವತ್ತೂ ಹೊಳೆದಿರಲಿಲ್ಲ.

ಪುಟದ ಹಿಂದೆ ಅಜ್ಜನ ನಡುಗು ಅಕ್ಷರ: 'ಮೇಸ್ತ್ರಿ, ನಾನು ಕೂಗಾಡಿದ ಮೇಲೆ ಇದು ಬಂತು. ಕಾರ್ಖಾನೆಗೆ ದಾರಿ ತೋರಿಸಿದ್ದು ಇದೇ ಪುಟ. ಹೆಮ್ಮೆಗೆ ಮಾಡಿದ್ದಾಳೆ, ದ್ರೋಹಕ್ಕಲ್ಲ. ಹೇಳಿದರೆ ಕೊರಗಿ ಸಾಯುತ್ತಾಳೆ ಅಂತ ಹೇಳಲಿಲ್ಲ. ಯಾರಾದರೂ ಹೊರಬೇಕಿತ್ತು. ನಿನ್ನ ಹೆಗಲು ಗಟ್ಟಿ ಅಂದುಕೊಂಡೆ. ಅಂದುಕೊಂಡದ್ದು ತಪ್ಪು.'

ಮೂವತ್ತೆರಡು ವರ್ಷ ಅಜ್ಜ ದಿನಕ್ಕೆರಡು ಸಲ ಆ ಚಮಚದಲ್ಲಿ ಚಹಾ ಕದಡಿಕೊಂಡು ಕುಡಿದಿದ್ದ.

ಹೊರಗೆ ಶವದ ಗಾಡಿಯ ಬಾಗಿಲು ತೆರೆದ ಸದ್ದಾಯಿತು. ಅವಳು ಓಡಿದಳು. ಎತ್ತುವವರು ಬಗ್ಗುವ ಮೊದಲೇ ಸೀಟಿಯನ್ನು ಇದ್ದ ಜಾಗಕ್ಕೆ ಇಳಿಸಿ ಜೇಬಿನ ಗುಂಡಿ ಹಾಕಿದಳು.

"ಏನದು?" ಅಂದ ಚಿಕ್ಕಪ್ಪ.

"ಗುಂಡಿ ಬಿಚ್ಚಿತ್ತು."

*

ಮಣ್ಣು ಮುಗಿಸಿ ಬಂದಾಗ ಮೂರು ಗಂಟೆ. ಮೇಸ್ತ್ರಿ ಗೇಟಿನಿಂದಲೇ ಹೊರಟಿದ್ದ. ಇಕ್ಕಳ ಅವನ ತೋಳು ಹಿಡಿದಳು. ಹಿಡಿದದ್ದನ್ನು ಬಿಡುವವಳಲ್ಲ ಎಂದು ಅವನಿಗೂ ತಿಳಿಯಿತು.

"ಐದು ನಿಮಿಷ ಬನ್ನಿ. ಅಜ್ಜ ನಿಮಗೊಂದು ಕಾಗದ ಬಿಟ್ಟು ಹೋಗಿದಾರೆ."

"ಬೈಗುಳ ಬಾಕಿ ಇತ್ತೇನೋ."

ಕೆಲಸದ ಕೋಣೆಯಲ್ಲಿ ಅವನು ಕೂರದೆ ನಿಂತ. ಅರ, ಇಕ್ಕಳ, ಬೆಸುಗೆ ಕಡ್ಡಿಗಳ ಮೇಲೆ ಬೆರಳಾಡಿಸಿದ. "ಎಲ್ಲಾ ಅಲ್ಲಲ್ಲೇ ಇಟ್ಟಿದಾನೆ," ಅಂದ. "ಆವತ್ತು ಸೀಟಿ ತಿದ್ದಿ ತಂದು ಕೊಡೋಕೆ ಹೊರಟಿದ್ದೆ. ಅಷ್ಟರಲ್ಲಿ ಅವನೇ ಬಂದು ಕೂಗಿದ. ಕೈ ಜೇಬಲ್ಲೇ ಉಳೀತು."

ಅವಳು ಲಕೋಟೆ ಚಾಚಿದಳು. ಅವನು ಹರಿದ ಬಾಯಿ ನೋಡಿದ.

"ನೀನು ಓದಿದೀಯ."

"ನಿಮ್ಮ ಮೇಲೆ ಅನುಮಾನ ಇತ್ತು."

"ಈಗ?"

ಅವಳು ಹಾಳೆಗಳನ್ನು ಬಿಡಿಸಿ ಅವನ ಕೈಗಿಟ್ಟಳು. ಮೇಸ್ತ್ರಿ ಕನ್ನಡಕ ಏರಿಸಿ, ಪ್ರತಿ ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದಿದ. ಚಿತ್ರದ ಹತ್ತಿರ ಬೆರಳು ನಿಂತಿತು. ಹಾಳೆ ತಿರುವಿ ಹಿಂಬದಿಯನ್ನೂ ಓದಿದ. ಮತ್ತೆ ಮೊದಲಿನಿಂದ ಓದತೊಡಗಿದ.

ಬಾಗಿಲಾಚೆ ತಟ್ಟೆಯ ಮೇಲೆ ಲೋಟಗಳು ಒಂದಕ್ಕೊಂದು ತಾಗುವ ಸದ್ದು ಕೇಳಿತು. ಇಕ್ಕಳ ಅಡ್ಡ ಹೋಗುವಷ್ಟರಲ್ಲಿ ಬಾಗಿಲು ತೆರೆಯಿತು. ಅಜ್ಜಿ. ಬೆಳಿಗ್ಗೆಯಿಂದ ಎದ್ದಿರದವಳು ತಾನೇ ಚಹಾ ತಂದಿದ್ದಳು.

ಮೇಸ್ತ್ರಿಯ ಕೈ ಅವಳ ಹೆಜ್ಜೆಗಿಂತ ಚುರುಕಾಗಿತ್ತು. ಹಾಳೆಗಳು ಬೆಂಚಿನ ಮೇಲೆ ಬಿದ್ದವು, ಅವುಗಳ ಮೇಲೆ ಹಸಿರು ಟವೆಲ್ಲು.

"ಏನೋ ಓದ್ತಿದ್ರಿ ಮೇಸ್ತ್ರಿ."

"ಏನಿಲ್ಲ ಅತ್ತಿಗೆ. ಅವನ ಹಳೇ ನಕ್ಷೆ. ಕಣ್ಣಿಗೆ ಕಾಣಲ್ಲ ಈಗ."

ಅಜ್ಜಿ ತಟ್ಟೆಯನ್ನು ಬೆಂಚಿನ ತುದಿಗಿಟ್ಟಳು. ಎರಡು ಲೋಟ, ಪ್ರತಿಯೊಂದರಲ್ಲೂ ಒಂದೊಂದು ಹಂಸದ ಚಮಚ. ಮೇಸ್ತ್ರಿ ಚಮಚವನ್ನು ಎತ್ತಿ ನೋಡಿದ. ಆಮೇಲೆ ನಿಧಾನವಾಗಿ ಕದಡತೊಡಗಿದ.

"ಸಕ್ಕರೆ ಸಾಕಾ?" ಅಂದಳು ಅಜ್ಜಿ.

"ಹದವಾಗಿದೆ."

ಅವಳು ಹೊರಡಲು ತಿರುಗಿದವಳು ನಿಂತಳು. ಟವೆಲ್ಲಿನ ಅಂಚಿನಿಂದ ಪತ್ರಿಕೆಯ ಪುಟದ ಒಂದು ಮೂಲೆ ಇಣುಕುತ್ತಿತ್ತು, ಅದರಲ್ಲಿ ಪಾತ್ರೆಯ ಒಂದು ಕಿವಿ. ಅಜ್ಜಿ ಯಾರ ಮುಖವನ್ನೂ ನೋಡಲಿಲ್ಲ. ಬಗ್ಗಿ, ಮೇಜಿನ ಮೇಲಿನ ಧೂಳು ಒರೆಸುವಷ್ಟೇ ಸಹಜವಾಗಿ, ಟವೆಲ್ಲಿನ ತುದಿ ಹಿಡಿದು ಎರಡು ಬೆರಳಿನಷ್ಟು ಮುಂದಕ್ಕೆ ಎಳೆದು ಆ ಕಿವಿಯನ್ನು ಮುಚ್ಚಿದಳು.