ಭಾನುವಾರದ ನೂರ ನಲವತ್ತು ಜನ

ಬನಶಂಕರಿ ಮೂರನೇ ಸ್ಟೇಜಿನಲ್ಲಿ ನನ್ನಂಥ ಚರ್ಚ್ ಸೆಕ್ರೆಟರಿ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಕಾಣುವುದಿಲ್ಲ. ಹೆಸರು ಜೀವರತ್ನ. ನಾನು ಮೈಕಿಲ್ಲದೆ ಬೈಬಲ್ ಪಾಠ ಓದಿದರೆ ಕನಕಪುರ ರಸ್ತೆಯ ಮೆಟ್ರೋದಲ್ಲಿ ಕೂತವರು ತಿರುಗಿ ನೋಡುತ್ತಾರೆ. ಚರ್ಚಿನ ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದೇ ಸೋರೆಕಾಯಿಯನ್ನು ಹದಿನಾಲ್ಕು ಸಲ ಮಾರಿದ್ದೇನೆ. ಕೊಂಡವರೆಲ್ಲ ನಗುನಗುತ್ತಾ ಮರುಹರಾಜಿಗೆ ವಾಪಸ್ ಕೊಟ್ಟಿದ್ದಾರೆ. ಇಂಥ ನನಗೆ ಹೋದ ಮಾರ್ಚ್ ತಿಂಗಳಲ್ಲಿ ಹತ್ತು ದಿನ ಅನ್ನ ಸೇರಲಿಲ್ಲ. ನನ್ನ ಹೆಂಡತಿ ಜಯಶೀಲಾ ಹೇಳುವ ಪ್ರಕಾರ ಸೇರಿತು, ದಿನಕ್ಕೆ ಮೂರೇ ಹೊತ್ತು.

ಕಾರಣ ಡಯಾಸಿಸ್ ಕಚೇರಿಯಿಂದ, ಅಂದರೆ ನಮ್ಮ ಬಿಷಪ್ಪರ ಆಫೀಸಿನಿಂದ, ಬಂದ ಒಂದು ಕಾಗದ. ನಮ್ಮ ದಯಾ ದೇವಾಲಯ ಸಿ.ಎಸ್.ಐ. ಸಭೆಗೆ ಸೇರಿದ್ದು, ನಮ್ಮಜ್ಜ ಮಾತ್ರ ಸಾಯುವವರೆಗೂ ಆಂಗ್ಲಿಕನ್ ಸಭೆ ಎಂದೇ ಕರೆದ. ಕಾಗದದಲ್ಲಿ ಇದ್ದದ್ದು ಇಷ್ಟು: ಭಾನುವಾರದ ಕನ್ನಡ ಆರಾಧನೆಗೆ ಐವತ್ತಕ್ಕಿಂತ ಕಡಿಮೆ ಜನ ಬರುವ ಚರ್ಚುಗಳನ್ನು ಹತ್ತಿರದ ದೊಡ್ಡ ಚರ್ಚಿನ ಶಾಖೆ ಮಾಡಲಾಗುವುದು, ಶಾಖೆಗೆ ಸ್ವಂತ ಸಭಾಪಾಲಕರು, ಅಂದರೆ ಪಾಸ್ಟರು, ಇರುವುದಿಲ್ಲ, ಭಾನುವಾರ ಬಿಟ್ಟು ಬೇರೆ ದಿನ ಗೇಟು ತೆರೆಯುವುದಿಲ್ಲ. ನಿಮ್ಮ ವಾರ್ಷಿಕ ವರದಿಯಲ್ಲಿ ನೂರ ನಲವತ್ತು ಜನ ಎಂದಿರುವುದು ಸಂತೋಷದ ವಿಷಯ. ನಮ್ಮ ಕಚೇರಿಯ ರೆವರೆಂಡ್ ಸುಗಂಧರಾಜ್ ಅವರು ಬರುವ ವಾರದ ನಂತರದ ಭಾನುವಾರ ತಾವೇ ಬಂದು ಆರಾಧನೆ ನಡೆಸಿ, ಕಣ್ಣಾರೆ ನೋಡಿ ಹೋಗುತ್ತಾರೆ.

ನೂರ ನಲವತ್ತು ಎಂದು ಬರೆದವನು ನಾನು. ಬರುತ್ತಿದ್ದವರು ಇಪ್ಪತ್ತಾರು. ಅದರಲ್ಲಿ ಇಬ್ಬರು ನಾನು ಮತ್ತು ಜಯಶೀಲಾ.

ಸುಳ್ಳು ಎಂದು ಯಾರೂ ಅವಸರಪಡಬೇಡಿ. ಮೂರು ವರ್ಷದ ಹಿಂದೆ ಸುಮನ್ ಅಯ್ಯನವರು ನಮ್ಮ ಸಭಾಪಾಲಕರಾಗಿ ಬಂದ ಮೇಲೆ ನಮ್ಮ ಕಾಂಪೌಂಡಿಗೆ ಜೀವ ಬಂತು. ಬೆಳಿಗ್ಗೆ ಆರಕ್ಕೆ ವಯಸ್ಸಾದವರು ವಾಕ್ ಮಾಡುತ್ತಾರೆ. ಸಂಜೆ ಐದಕ್ಕೆ, ಬಸವನಗುಡಿಯಲ್ಲಿ ಟೀಚರಾಗಿ ನಿವೃತ್ತರಾದ ಸೀತಮ್ಮನವರು ಚರ್ಚ್ ಹಾಲಿನಲ್ಲಿ ಮಕ್ಕಳಿಗೆ ಪುಕ್ಕಟೆ ಪಾಠ ಹೇಳುತ್ತಾರೆ. ಬುಧವಾರ ಬಿ.ಪಿ., ಶುಗರ್ ನೋಡುವ ನರ್ಸ್ ಬರುತ್ತಾಳೆ. ಶನಿವಾರ ಬಿಟಿಎಂ ಲೇಔಟಿನ ಪಿ.ಜಿ.ಗಳ ಹುಡುಗ ಹುಡುಗಿಯರು ಬಂದು ಅಯ್ಯನವರ ಮುಂದೆ ಮನಸ್ಸು ಹಗುರ ಮಾಡಿಕೊಂಡು ಹೋಗುತ್ತಾರೆ. ಇವರಲ್ಲಿ ಮುಕ್ಕಾಲು ಪಾಲು ಜನ ಬೈಬಲ್ ಮುಟ್ಟಿದವರಲ್ಲ. ಆದರೆ ಗೇಟು ದಾಟಿದವರನ್ನು ದೇವರು ಲೆಕ್ಕಕ್ಕೆ ಹಿಡಿಯುವುದಿಲ್ಲವೇ? ದೇವರ ಲೆಕ್ಕವನ್ನೇ ನಾನು ಬರೆದೆ. ಭಾನುವಾರದ ಕಾಲಮ್ಮಿನಲ್ಲಿ ಬರೆದದ್ದು ಸ್ವಲ್ಪ ಹೆಚ್ಚಾಯಿತು. ಸುಮನ್ ಅಯ್ಯನವರಿಗೆ ಇದೊಂದೂ ಗೊತ್ತಿಲ್ಲ. ನಾನು ಬೆರಳಿಟ್ಟ ಕಡೆ ಸಹಿ ಹಾಕುವ ದೇವರಂಥ ಮನುಷ್ಯ.

"ಹೋಗಿ ಅಯ್ಯನೋರಿಗೆ ಹೇಳ್ಬಿಡಿ" ಎಂದಳು ಜಯಶೀಲಾ, ಸೊಪ್ಪು ಬಿಡಿಸುತ್ತಾ. "ಪಾತ್ರೆ ಪಗಡ ಕಟ್ಕೊಳಕ್ಕಾದ್ರೂ ಟೈಮ್ ಸಿಗತ್ತೆ ಅವ್ರಿಗೆ."

"ಏನಂತ ಹೇಳ್ಲಿ?"

"ನಮ್ ಸೆಕ್ರೆಟ್ರಿಗೆ ಎಣಿಸೋಕ್ ಬರಲ್ಲ ಅಂತ."

ಹೇಳಲಿಲ್ಲ. ಹೇಳುವುದಕ್ಕೆಂದು ಅಯ್ಯನವರ ಮನೆಯ ಬಾಗಿಲವರೆಗೆ ನಾಲ್ಕು ಸಲ ಹೋದೆ. ನಾಲ್ಕು ಸಲವೂ ಅವರು ಕಾಫಿ ಕೊಟ್ಟರು, ನಾಲ್ಕು ಸಲವೂ ಕುಡಿದು ಬಂದೆ. ಕೊನೆಗೆ ಗಂಗಯ್ಯನನ್ನು ಹಿಡಿದೆ.

ಗಂಗಯ್ಯ ಹೊಸಕೆರೆಹಳ್ಳಿಯ ಹಳೇ ಕುಳ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರು ಮಹಡಿ ಎಬ್ಬಿಸಿ ಬಾಡಿಗೆಗೆ ಕೊಟ್ಟಿದ್ದಾನೆ. ಮಂಡಿ ನೋವಿಗೆಂದು ದಿನವೂ ನಮ್ಮ ಕಾಂಪೌಂಡಿನಲ್ಲಿ ಇಪ್ಪತ್ತೊಂದು ಸುತ್ತು ಹಾಕುತ್ತಾನೆ.

"ಎಷ್ಟ್ ಜನ ಬೇಕು ಸೆಕ್ರೆಟ್ರಿಗಳೇ?"

"ನೂರ ಹದಿನಾಲ್ಕು."

"ಅದೇನ್ರೀ ಚಿಲ್ರೆ ಲೆಕ್ಕ? ನಮ್ ಮಗಳ ಮದ್ವೆಗೆ ಎರಡ್ ಸಾವ್ರ ಎಲೆ ಬಿದ್ದಿತ್ತು. ಬೆಳಗಿನ್ ವಾಕಿಂಗ್ ಪಾರ್ಟಿ, ನಮ್ ಬಾಡಿಗೆಯೋರು, ಸೀತಮ್ಮೋರ್ ಮಕ್ಳು, ಎಲ್ಲಾರ್ನೂ ಎತ್ಕೊಂಡ್ ಬರ್ತೀನಿ. ಒಳಗ್ ಬಂದ್ ಏನ್ ಮಾಡ್ಬೇಕು?"

"ಕೂತಿರಿ. ಆಮೇಲೆ ನಮ್ಮೋರು ಸಾಲಾಗಿ ಮುಂದಕ್ ಹೋಗ್ತಾರೆ, ನೀವೂ ಹೋಗಿ. ಕೈಗೊಂದ್ ಸಣ್ಣ ರೊಟ್ಟಿ ಬಿಲ್ಲೆ ಕೊಡ್ತಾರೆ. ಬಾಯಿಗ್ ಹಾಕ್ಕೊಂಡ್ ವಾಪಸ್ ಬನ್ನಿ."

"ಪ್ರಸಾದ ತಾನೆ? ಬಿಡಿ ಮತ್ತೆ. ಅದ್ರಲ್ಲಿ ನಮ್ಮೋರು ಎಕ್ಸ್‌ಪರ್ಟು."

ಮನೆಗೆ ಬಂದು ಜಯಶೀಲಾಳಿಗೆ ಈ ಚಾಣಾಕ್ಷ ಏರ್ಪಾಟನ್ನು ವಿವರಿಸಿದೆ. ಅವಳು ಬಿಡಿಸುತ್ತಿದ್ದ ಸೊಪ್ಪನ್ನು ಕೆಳಗಿಟ್ಟಳು. "ದೀಕ್ಷಾಸ್ನಾನ ಆಗ್ದೋರು ಮುಟ್ಟಬಾರದ ರೊಟ್ಟಿ ಅದು" ಎಂದಳು. ಶನಿವಾರ ಕೊತ್ತಂಬರಿ ಸೊಪ್ಪು ತರುತ್ತೇನೆಂದು ಹೊಸಕೆರೆಹಳ್ಳಿಗೆ ಹೋಗಿ ಬಂದಳು.

ಭಾನುವಾರ ಏಳೂವರೆಗೇ ಸುಗಂಧರಾಜ್ ಅಯ್ಯನವರು ಬಂದರು. ಸಣಕಲು ದೇಹ, ಬಿಳಿ ನಿಲುವಂಗಿ, ಎಕ್ಸ್‌ರೇ ತೆಗೆಯುವಂಥ ಕಣ್ಣು. ಎಂಟಕ್ಕೆ ಹತ್ತು ನಿಮಿಷ ಇರುವಾಗ ಗಂಗಯ್ಯನ ದಂಡು ಬಂತು. ಕೊಟ್ಟ ಮಾತು ತಪ್ಪದವನು. ಪಂಚೆ, ಶಲ್ಯ, ಮುಡಿತುಂಬ ಮಲ್ಲಿಗೆ, ಹಣೆಯಲ್ಲಿ ಕುಂಕುಮ. ಗಂಗಯ್ಯನ ಹೆಂಡತಿ ಲಕ್ಷ್ಮಮ್ಮ ತಟ್ಟೆಯಲ್ಲಿ ಹಣ್ಣು ಕಾಯಿ ಹಿಡಿದು ಯಾರ ಕೈಗೆ ಕೊಡಲಿ ಎಂದು ಹುಡುಕುತ್ತಿದ್ದಳು. ನಮ್ಮ ಇಪ್ಪತ್ತಾರು ಜನ ಬೂಟು ಚಪ್ಪಲಿಯಲ್ಲೇ ಒಳಗೆ ಕೂತಿದ್ದರು. ಬಂದವರೆಲ್ಲ ಬಾಗಿಲಲ್ಲಿ ಕಳಚಿಟ್ಟರು. ಮೆಟ್ಟಿಲ ಮೇಲೆ ಚಪ್ಪಲಿಗಳ ಚಾಮುಂಡಿ ಬೆಟ್ಟವೇ ಎದ್ದಿತು. ಸುಗಂಧರಾಜ್ ಅಯ್ಯನವರು ಆ ಬೆಟ್ಟವನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಇವರೆಲ್ಲ ನಮ್ಮ ಸಭೆಯವರಾ ಜೀವರತ್ನ?"

"ಬಹಳ ಹಳೇ ಸಂಬಂಧ, ಅಯ್ಯನೋರೆ."

"ಸರಿ. ಕರ್ತನ ಭೋಜನಕ್ಕೆ ವರದಿಯಲ್ಲಿ ಇರೋಷ್ಟೇ ಬಿಲ್ಲೆ ಇಡಿ."

ವೆಸ್ಟ್ರಿ ಎಂಬ ಪಕ್ಕದ ಕೋಣೆಯಲ್ಲಿ ನಿಂತು ನೂರ ನಲವತ್ತು ಬಿಲ್ಲೆ ಎಣಿಸಿ ತಟ್ಟೆಗೆ ಹಾಕಿದೆ. ತಟ್ಟೆಯ ಎತ್ತರ ನೋಡಿ ಸುಮನ್ ಅಯ್ಯನವರು ಹುಬ್ಬೇರಿಸಿದರು. "ಇವತ್ತು ಏನೋ ವಿಶೇಷಾನಾ?" ಎಂದು ಕೇಳಿದರು. ನಾನು ಕೆಮ್ಮಿದೆ.

ಆರಾಧನೆ ಸುಸೂತ್ರವಾಗಿಯೇ ಸಾಗಿತು. ಹಾಡು ಬಂದಾಗ ಗಂಗಯ್ಯನ ಕಡೆಯವರು ಭಜನೆಯ ತಾಳ ಹಾಕಿದರು. ನಮ್ಮ ಆರ್ಗನ್ನು ಹಿಂದೆಂದೂ ಅಷ್ಟು ಚುರುಕಾಗಿ ಓಡಿರಲಿಲ್ಲ. ಕೊನೆಗೆ ಆ ಹೊತ್ತು ಬಂತು. ಸುಗಂಧರಾಜ್ ಅಯ್ಯನವರು ರೊಟ್ಟಿಯ ಮೇಲೆ ಪ್ರಾರ್ಥನೆ ಮುಗಿಸಿ ಸಭೆಯನ್ನು ಕರೆದರು. ನಮ್ಮ ಇಪ್ಪತ್ತಾರು ಜನ ಎದ್ದು ಹೋಗಿ ಮೊಣಕಾಲೂರಿ ತೆಗೆದುಕೊಂಡು ಬಂದರು. ಆಮೇಲೆ ಯಾರೂ ಏಳಲಿಲ್ಲ.

ನಾನು ಗಂಗಯ್ಯನಿಗೆ ಕಣ್ಣು ಹೊಡೆದೆ. ಅವನು ಅರ್ಧ ಎದ್ದ. ನಡುವಿನ ದಾರಿಯಲ್ಲಿ ನಿಂತಿದ್ದ ಜಯಶೀಲಾ ಅಂಗೈ ಕೆಳಗೆ ಮಾಡಿ ತೋರಿಸಿದಳು. ಕೂತ. ಅವನ ಹಿಂದೆ ಏಳಲು ಹೊರಟವರೆಲ್ಲ ಕೂತರು. ನನಗೆ ಆಗ ಗೊತ್ತಾಯಿತು, ಹಿಂದಿನ ದಿನ ಅವಳು ಹೊಸಕೆರೆಹಳ್ಳಿಗೆ ಹೋಗಿದ್ದು ಕೊತ್ತಂಬರಿ ಸೊಪ್ಪಿಗಲ್ಲ.

ತಟ್ಟೆಯಲ್ಲಿ ನೂರ ಹದಿನಾಲ್ಕು ಬಿಲ್ಲೆ ಉಳಿದವು. ನಮ್ಮಲ್ಲಿ ಒಂದು ಕಟ್ಟಳೆ ಇದೆ: ಪ್ರಾರ್ಥನೆ ಆದ ರೊಟ್ಟಿಯನ್ನು ಡಬ್ಬಿಗೆ ವಾಪಸ್ ಹಾಕುವಂತಿಲ್ಲ, ಎಸೆಯುವಂತಿಲ್ಲ. ಅಲ್ಲೇ ತಿಂದು ಮುಗಿಸಬೇಕು. ಸುಗಂಧರಾಜ್ ಅಯ್ಯನವರು ನನ್ನನ್ನು ಬೆರಳಿನಿಂದ ಕರೆದರು. ಅವರು, ಸುಮನ್ ಅಯ್ಯನವರು, ನಾನು, ಮೂವರೂ ಸಭೆಗೆ ಬೆನ್ನು ಮಾಡಿ ಮೊಣಕಾಲೂರಿದೆವು. ಅವರಿಬ್ಬರೂ ಇಪ್ಪತ್ತಿಪ್ಪತ್ತು ತಿಂದು ತಟ್ಟೆಯನ್ನು ನನ್ನ ಕಡೆ ಸರಿಸಿದರು. ಎಪ್ಪತ್ತನಾಲ್ಕು ನನ್ನ ಪಾಲು. ಉಪ್ಪಿಲ್ಲ, ಸಪ್ಪೆ, ಕಾಗದದಂಥ ಬಿಲ್ಲೆ. ಮೊದಲ ಹತ್ತು ಅಂಗುಳಕ್ಕೆ ಅಂಟಿದವು, ಮುಂದಿನವು ಅವುಗಳ ಮೇಲೆ ಅಂಟಿದವು. ಹಿಂದೆ ನೂರ ಮೂವತ್ತೊಂಬತ್ತು ಜನ ನೋಡುತ್ತಾ ಕೂತಿದ್ದರು. ಯಾವುದೋ ಮಗು "ಅಂಕಲ್‌ಗೆ ತುಂಬಾ ಹಸಿವಾ?" ಎಂದು ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು.

ವೆಸ್ಟ್ರಿಯಲ್ಲಿ ಸುಗಂಧರಾಜ್ ಅಯ್ಯನವರು ಕುರ್ಚಿ ಎಳೆದು ಕೂತರು.

"ನಮ್ಮವರು ಎಷ್ಟು ಜನ?"

"ನೂರ..." ಎಂದೆ. ನಾಲಿಗೆ ಹೊರಳಲಿಲ್ಲ. "ಇಪ್ಪತ್ತಾರು."

ಸುಮನ್ ಅಯ್ಯನವರು ಗೋಡೆಗೆ ಒರಗಿದರು. ಎಲ್ಲವನ್ನೂ ಹೇಳಿದೆ. ಗೇಟು ಮುಚ್ಚಬಾರದೆಂದು ಮಾಡಿದೆ ಎಂದೂ ಹೇಳಿದೆ. ಅದೊಂದು ಮಾತನ್ನು ಹಿಗ್ಗಿಸುವ ಅಗತ್ಯ ಬೀಳಲಿಲ್ಲ. ಸುಗಂಧರಾಜ್ ಅಯ್ಯನವರು ಚೀಲದಿಂದ ನನ್ನ ವಾರ್ಷಿಕ ವರದಿ ತೆಗೆದು ಹಿಂಬದಿಗೆ ತಿರುಗಿಸಿದರು. ಅಲ್ಲಿ ಅಚ್ಚಾಗಿತ್ತು: ವಾರದ ಉಳಿದ ಆರು ದಿನ ಈ ಆವರಣಕ್ಕೆ ಯಾರು ಬರುತ್ತಾರೆ, ಯಾತಕ್ಕೆ? ಅದರ ಕೆಳಗೆ ಉತ್ತರದ ಜಾಗದಲ್ಲಿ ನಾನು ಏನೂ ಬರೆಯದೆ ಒಂದು ಚೆಂದದ ಅಡ್ಡಗೆರೆ ಎಳೆದಿದ್ದೆ.

"ಸಣ್ಣ ಸಭೆ ಆದ್ರೂ ಈ ಪುಟ ತುಂಬಿದ್ರೆ ಪಾಸ್ಟರನ್ನ ಉಳಿಸ್ತೀವಿ" ಎಂದರು. "ಈ ಪುಟಕ್ಕೆ ಸೇರಬೇಕಾದ ಜನಾನೆಲ್ಲ ಎತ್ತಿ ಆ ಪುಟಕ್ಕೆ ಸುರಿದಿದ್ದೀರಲ್ಲ, ಮಹಾರಾಯ್ರೇ!"

ನಾನು ಜೇಬಿನಿಂದ ಪೆನ್ನು ಎಳೆದೆ. "ಈಗ್ಲೇ ತುಂಬ್ತೀನಿ."

"ನಿಮ್ಮ ಕೈಬರಹದಲ್ಲಾ? ಯಾರು ನಂಬ್ತಾರೆ? ನಾಳೆ ಸಂಜೆ ಐದಕ್ಕೆ ಬರ್ತೀನಿ. ನಾನೇ ಎಣಿಸ್ತೀನಿ. ಆದ್ರೆ ಯಾರಿಗೂ ಹೇಳಿ ಕರೆಸ್ಬೇಡಿ. ಒಂದು ಪಿಳ್ಳೆಗೂ."

ಹೊರಗೆ ಬಂದರೆ ಗಂಗಯ್ಯ ಗೇಟಿನ ಬಳಿ ಕಾಯುತ್ತಿದ್ದ. "ಏನಾಯ್ತು? ಪಾಸಾ, ಫೇಲಾ? ಮೇಡಂ ಬೇಡ ಅಂದ್ಬಿಟ್ರು, ಇಲ್ದಿದ್ರೆ ನಾನೊಬ್ನೇ ಹತ್ ಸುತ್ತು ಬರ್ತಿದ್ದೆ. ನಾಳೆ ಏನಾದ್ರೂ ಬೇಕಾ?"

"ಏನೂ ಬೇಡ" ಎಂದೆ. ಅಷ್ಟು ಚಿಕ್ಕ ಉತ್ತರವನ್ನು ಅವನು ನನ್ನ ಬಾಯಲ್ಲಿ ಕೇಳಿರಲಿಲ್ಲ. ಹಣೆ ಮುಟ್ಟಿ ಜ್ವರ ನೋಡಿದ.

ಅವನ ಹಿಂದೆ ಸೀತಮ್ಮನವರು ನಿಂತಿದ್ದರು. "ಜೀವರತ್ನ ಅವ್ರೇ, ನಾಳೆ ಪಾಠಕ್ಕೆ ರಜ ಕೊಟ್ಬಿಟ್ಟಿದೀನಿ. ಕಣ್ಣಿನ ಡಾಕ್ಟರ ಹತ್ರ ಹೋಗ್ಬೇಕು, ಜಯನಗರಕ್ಕೆ. ಪರವಾಗಿಲ್ವಾ?"

ಒಂದು ಮಾತು ಸಾಕಿತ್ತು. ಕಣ್ಣು ಮಂಗಳವಾರವೂ ಇರುತ್ತದೆ ಎಂದಿದ್ದರೆ ಆಕೆ ಖಂಡಿತ ಉಳಿಯುತ್ತಿದ್ದರು. ಸುಗಂಧರಾಜ್ ಅಯ್ಯನವರು ಕಾರಿನ ಪಕ್ಕ ನಿಂತು ನನ್ನ ಬಾಯನ್ನೇ ನೋಡುತ್ತಿದ್ದರು.

"ಪರವಾಗಿಲ್ಲಮ್ಮ" ಎಂದೆ. "ಹುಷಾರಾಗಿ ಹೋಗ್ಬನ್ನಿ."

ಸೋಮವಾರದ ಹಗಲು ನಲವತ್ತು ಗಂಟೆ ಇತ್ತು. ನಾಲ್ಕೂವರೆಗೆ ಗೇಟು ತೆರೆದೆ, ಹಾಲಿನ ಬೀಗ ತೆಗೆದೆ. ಐದಕ್ಕೆ ಸರಿಯಾಗಿ ಸುಗಂಧರಾಜ್ ಅಯ್ಯನವರು ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ವರದಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಸುಮನ್ ಅಯ್ಯನವರು ಕಿಟಕಿಯ ಹತ್ತಿರ ನಿಂತರು. ಹಾಲಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಐದೂ ಐದು. ಐದೂ ಹತ್ತು. ಸುಗಂಧರಾಜ್ ಅಯ್ಯನವರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. ಇವತ್ತು ಟೀಚರ್ ರಜ ಎಂದು ಹೇಳಬೇಕೆಂದು ತುಟಿಯವರೆಗೆ ಬಂತು. ನಾನು ಹೇಳಿದರೆ ಅದು ಇನ್ನೊಂದು ಕಥೆಯಂತೆ ಕೇಳಿಸುತ್ತದೆ ಎಂದು ಹೊಳೆದು, ಎರಡೂ ತುಟಿಗಳನ್ನು ಹಲ್ಲಿನಿಂದ ಕಚ್ಚಿ ಹಿಡಿದೆ.

ಐದೂ ಹದಿನಾಲ್ಕಕ್ಕೆ ಗೇಟು ಕಿರುಗುಟ್ಟಿತು. ಇಬ್ಬರು ಹುಡುಗಿಯರು. ಅವರ ಹಿಂದೆ ಏಳೆಂಟು ಮಕ್ಕಳು. ಆಮೇಲೆ ನಿಲ್ಲಲಿಲ್ಲ. ಚಪ್ಪಲಿ ಬಿಟ್ಟು, ಮೂಲೆಯಿಂದ ಚಾಪೆ ತಂದು ಹಾಸಿ ಕೂತರು. ದೊಡ್ಡವರು ಚಿಕ್ಕವರ ಪುಸ್ತಕ ಬಿಚ್ಚಿಸಿದರು. ಒಬ್ಬಳು ಎರಡು ಜಡೆಯವಳು ನೇರ ಕುರ್ಚಿಯ ಮುಂದೆ ಬಂದು ನಿಂತಳು.

"ಅಂಕಲ್, ನೀವು ಹೊಸ ಸಾರಾ? ಹದಿನೇಳರ ಮಗ್ಗಿ ಒಪ್ಪಿಸ್ಲಾ?"

"ನಿನ್ನ ಹೆಸರೇನಮ್ಮ?"

"ತನ್ಮಯಿ. ಆರನೇ ಕ್ಲಾಸು."

"ನಿಮ್ಮ ಟೀಚರ್ ಎಲ್ಲಿ?"

"ಇವತ್ತು ಮಿಸ್ ಬರಲ್ಲ, ರಜ."

"ಮತ್ತೆ ನೀವ್ಯಾಕೆ ಬಂದ್ರಿ?"

ಅವಳು ಇದೆಂಥ ಪ್ರಶ್ನೆ ಎಂಬಂತೆ ನೋಡಿದಳು. "ಮನೇಲಿ ಜಾಗ ಇಲ್ಲ ಅಂಕಲ್. ತಮ್ಮ ಟೀವಿ ಹಾಕ್ತಾನೆ. ಇಲ್ಲಿ ಗೇಟ್ ತೆಗ್ದಿರತ್ತಲ್ಲ."

ಸುಗಂಧರಾಜ್ ಅಯ್ಯನವರು ಮಗ್ಗಿ ಪೂರ್ತಿ ಒಪ್ಪಿಸಿಕೊಂಡರು. ಆಮೇಲೆ ಎದ್ದು ಚಾಪೆಗಳ ನಡುವೆ ನಡೆದು ಒಂದೊಂದೇ ತಲೆ ಎಣಿಸಿದರು. ಎರಡು ಸಲ. ಮೂವತ್ತೆಂಟು ಎಂದು ತಾವೇ ಬರೆದರು. ಆ ಸಾಲಿನ ಕೆಳಗೆ ಇನ್ನೇನೋ ಬರೆದು ಸಹಿ ಹಾಕಿ, ಸುಮನ್ ಅಯ್ಯನವರ ಕಡೆ ತಿರುಗಿದರು.

"ಒಂದು ವರ್ಷ ನೀವು ಇಲ್ಲೇ ಇರಿ. ಸಮಿತಿಗೆ ನಾನು ಹೇಳ್ತೀನಿ. ವರದಿ ಇನ್ಮೇಲೆ ಜಯಶೀಲಮ್ಮ ಬರೀಲಿ."

ಸುಮನ್ ಅಯ್ಯನವರು ಕಿಟಕಿಯ ಸರಳು ಹಿಡಿದು ಕಣ್ಣು ಮುಚ್ಚಿಕೊಂಡರು.

ಸುಗಂಧರಾಜ್ ಅಯ್ಯನವರು ಹೊರಡುವಾಗ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದರು. "ಟೀಚರ್ ಇದ್ದ ದಿನ ಎಷ್ಟು ಬರ್ತಾರೆ ಜೀವರತ್ನ?"

ಎಪ್ಪತ್ತು. ಸತ್ಯವಾಗಿಯೂ ಎಪ್ಪತ್ತು, ಒಂದೂ ಹೆಚ್ಚಿಲ್ಲ, ಚಾಪೆ ಸಾಲದೆ ಪೇಪರ್ ಹಾಸಿ ಕೂರಿಸುತ್ತೇವೆ. ನನ್ನ ಬಾಯಿ ತೆರೆಯಿತು.

"ನೀವು ಎಣಿಸಿದಷ್ಟೇ ಇಟ್ಕೊಳಿ, ಅಯ್ಯನೋರೆ" ಎಂದೆ.