ಬಣ್ಣದ ಡಬ್ಬಿಯಲ್ಲಿ ಮಗಳ ಕಣ್ಣು

ಸಂಜೆ ಹೊತ್ತು. ದೀಪ ಹಾಕುವಷ್ಟು ಕತ್ತಲೆ ಇನ್ನೂ ಆಗಿರಲಿಲ್ಲ. ಬಟ್ಟೆ ಚೀಲಗಳ ಮೇಲೆ ಅಂಗಡಿಗಳ ಹೆಸರು ಅಚ್ಚು ಹಾಕಿ ಬದುಕುವ ಮನೆ ಅದು. ಮುಂಗೋಣೆಯಲ್ಲಿ ಅಡ್ಡಡ್ಡ ಹಗ್ಗ ಕಟ್ಟಿ, ಹಸಿ ಬಣ್ಣದ ಚೀಲಗಳನ್ನು ಒಣಹಾಕಿದ್ದರು. ಒಳಗಿನಿಂದ ಮಗಳು ಓಡಿ ಬಂದಳು. ಬಂದವಳು ಬಗ್ಗಲಿಲ್ಲ, ತಿರುಗಲಿಲ್ಲ, ನೇರ ಹಗ್ಗಕ್ಕೇ ಕೊರಳು ಕೊಟ್ಟಳು. ಚೀಲಗಳೆಲ್ಲ ನೆಲದ ಪಾಲು.

“ಏ ಮೆಣಸು! ಕಣ್ಣು ಎಲ್ಲಿಟ್ಕೊಂಡು ಓಡ್ತೀಯೇ?” ಅಪ್ಪ ಗದರಿದ. ಆಳು ಚೋಟುದ್ದ, ಮಾತು ಖಾರ, ಅದಕ್ಕೇ ಮನೆಯಲ್ಲಿ ಅವಳು ಮೆಣಸು.

ಮೆಣಸು ಅಳಲಿಲ್ಲ. ಕೂತಲ್ಲೇ ನೆಲವನ್ನು ಅಂಗೈಯಿಂದ ಸವರುತ್ತ ಅಪ್ಪನಿಗೇ ಜೋರು ಮಾಡಿದಳು. “ಮೊದ್ಲು ದೀಪ ಹಾಕು. ಇಷ್ಟು ಕತ್ತಲಲ್ಲಿ ಯಾರಾದ್ರೂ ಹಗ್ಗ ಕಟ್ತಾರಾ?”

ಅಪ್ಪ ಬಾಗಿಲ ಕಡೆ ನೋಡಿದ. ಬೀದಿಯಲ್ಲಿ ಮಕ್ಕಳು ಇನ್ನೂ ಚೆಂಡಾಡುತ್ತಿದ್ದರು. ಎದುರಿನ ಇಸ್ತ್ರಿ ಅಂಗಡಿಯಾಕೆ ದೀಪವಿಲ್ಲದೆಯೇ ಅಂಗಿಯೊಂದರ ಮಡಿಕೆ ತೀಡುತ್ತಿದ್ದಳು. ಅವನ ಕೈಯಲ್ಲಿದ್ದ ಚೀಲದ ಅಕ್ಷರಗಳು ಅವನಿಗೆ ಚೆನ್ನಾಗಿಯೇ ಕಾಣುತ್ತಿದ್ದವು. ಮಗಳ ಮುಖದ ಮುಂದೆ ಮೆಲ್ಲಗೆ ಕೈಯಾಡಿಸಿದ.

ಅವಳ ಕಣ್ಣು ಅಲುಗಲಿಲ್ಲ.

“ಲೇ, ಬಾ ಇಲ್ಲಿ!” ಅವನ ಕೂಗಿಗೆ ಹೆಂಡತಿ ಒದ್ದೆ ಕೈಯಲ್ಲೇ ಓಡಿ ಬಂದಳು. ಎದುರು ಮನೆಯಾಕೆಯೂ ಇಸ್ತ್ರಿಪೆಟ್ಟಿಗೆ ಇಟ್ಟು ಬಂದಳು.

“ಈಗೀಗ ಸಂಜೆಯಾದ್ರೆ ಸಾಕು, ನನ್ನ ಸೆರಗು ಬಿಡಲ್ಲ,” ಎಂದಳು ಅಮ್ಮ. “ಮುದ್ದು ಮಾಡಿಸ್ಕೊಳ್ಳೋಕೆ ಹಾಗೆ ಆಡ್ತಾಳೆ ಅಂದ್ಕೊಂಡೆ. ಎಷ್ಟು ಸಲ ಬೈದ್ನೋ ನಾನು!”

“ಮುದ್ದೂ ಅಲ್ಲ ಮಣ್ಣೂ ಅಲ್ಲ. ಬೆಳಗಾಗ್ತಿದ್ದಂಗೆ ನರ್ಸಕ್ಕನ್ನ ಕರ್ಕೊಂಡು ಬರ್ತೀನಿ ಇರು,” ಎಂದಳು ಇಸ್ತ್ರಿ ಅಂಗಡಿಯಾಕೆ.

ನರ್ಸಕ್ಕ ಎಂದರೆ ಆ ಬೀದಿಗಳಲ್ಲಿ ಮನೆಮನೆ ತಿರುಗಿ ಮಕ್ಕಳಿಗೆ ಲಸಿಕೆ ಹಾಕುವ ಆರೋಗ್ಯ ಕಾರ್ಯಕರ್ತೆ. ಬೆಳಿಗ್ಗೆ ಬಂದವಳು ಮೆಣಸನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಕೂರಿಸಿದಳು. ರೆಪ್ಪೆ ಬಿಡಿಸಿ ನೋಡಿದಳು. ಕಣ್ಣಿನ ಬಿಳಿಯ ಭಾಗದಲ್ಲಿ ಸೋಪಿನ ನೊರೆ ಒಣಗಿದಂಥ ಒಂದು ಪುಟ್ಟ ಕಲೆ. ನರ್ಸಕ್ಕನ ಮುಖ ಗಂಭೀರವಾಯಿತು.

“ಇದು ಇರುಳುಗುರುಡು. ವಿಟಮಿನ್ ಎ ಕಮ್ಮಿಯಾದ್ರೆ ಬರುತ್ತೆ. ಈಗ ನೋಡಿದ್ದು ಒಳ್ಳೇದಾಯ್ತು. ಬಿಟ್ಟಿದ್ರೆ ಕಣ್ಣು ಒಣಗಿ, ಹುಣ್ಣಾಗಿ...” ಅಲ್ಲಿಗೇ ನಿಲ್ಲಿಸಿದಳು.

“ಹುಣ್ಣಾಗಿ?” ಅಪ್ಪ ಕೇಳಿದ.

“ಹಗಲೂ ಕಾಣ್ತಿರಲಿಲ್ಲ ಅಣ್ಣಾ. ಆಮೇಲೆ ಯಾವ ದೀಪ ಹಾಕಿದ್ರೂ ಅಷ್ಟೇ.”

ಅಮ್ಮ ಗೋಡೆಗೆ ಒರಗಿದಳು. ಮೆಣಸು ಮಾತ್ರ ನರ್ಸಕ್ಕನ ಚೀಲದ ಜಿಪ್ಪು ಎಳೆದು ಬಿಟ್ಟು ಆಡುತ್ತಿದ್ದಳು.

“ಏನೇನು ತಿನ್ತಾಳೆ ಇವಳು?”

“ಸೊಪ್ಪು ತಟ್ಟೇಲಿ ಕಂಡ್ರೆ ತಟ್ಟೆನೇ ದೂಡ್ತಾಳೆ. ಹಾಲು ಕುಡಿದ್ರೆ ವಾಂತಿ. ಹೋದ ಚಳಿಗಾಲದಲ್ಲಿ ದಡಾರ ಬಂದಾಗಿಂದ ಊಟವೇ ಸೇರಲ್ಲ. ಗಂಜಿ ಒಂದೇ, ಮಕ್ಕಳ ಕೇಂದ್ರದಲ್ಲಿ ಕೊಡ್ತಾರಲ್ಲ, ಆ ಹಿಟ್ಟಿನ ಗಂಜಿ.”

“ಆ ಹಿಟ್ಟಲ್ಲಿ ವಿಟಮಿನ್ ಎ ಸೇರಿಸಿರ್ತಾರಲ್ಲ!” ನರ್ಸಕ್ಕ ಹುಬ್ಬು ಗಂಟಿಕ್ಕಿದಳು. “ಎದುರು ಮನೆ ಮಗೂನೂ ಅದೇ ತಿನ್ನುತ್ತೆ. ಅದೂ ಸೊಪ್ಪು ಮುಟ್ಟಲ್ಲ. ಅದಕ್ಕೆ ಏನೂ ಆಗಿಲ್ಲ. ದಿನಾ ಕೊಡ್ತೀರಾ, ಇಲ್ಲ ಡಬ್ಬದಲ್ಲೇ ಹುಳ ಬೀಳ್ತಿದ್ಯಾ?”

ಅಪ್ಪನಿಗೆ ರೇಗಿತು. “ಹುಳಾನಾ? ಏನು ಮಾತು ಅಂತ ಆಡ್ತೀರಕ್ಕ! ನಮ್ಮ ಮನೆ ಹಿಟ್ಟಿನಷ್ಟು ಚೊಕ್ಕಟ ಹಿಟ್ಟು ಈ ಬೀದೀಲಿ ಯಾರ ಮನೇಲಿದೆ, ತೋರಿಸಿ ನೋಡೋಣ! ಅವರೆಲ್ಲ ಹಾಗ್ಹಾಗೇ ಕಲಸಿ ಕುದಿಸ್ತಾರೆ. ನಾವು ಹಾಗಲ್ಲ.” ಎದ್ದು ಹೋಗಿ ಗೂಟದಿಂದ ಒಂದು ಬಿಳಿ ಬಟ್ಟೆ ತಂದ.

ಅದು ಬಣ್ಣ ಸೋಸುವ ಜಾಲರಿ ಬಟ್ಟೆ. ಅಚ್ಚಿನ ಕೆಲಸ ಗೊತ್ತಿದ್ದವರಿಗೆ ಅದರ ಬೆಲೆ ಗೊತ್ತು. ಬಣ್ಣದಲ್ಲಿ ಒಂದು ಕಾಳು, ಒಂದು ಧೂಳಿನ ಕಣ ಉಳಿದರೂ ಅದು ಅಚ್ಚಿನ ಚೌಕಟ್ಟಿಗೆ ಬಿಗಿದ ಜಾಲರಿಯ ತೂತಿಗೆ ಸಿಕ್ಕಿಕೊಂಡು ಇಡೀ ದಿನದ ಕೆಲಸ ಕೆಡಿಸುತ್ತದೆ. ಹಾಗಾಗಿ ಅವರು ಪ್ರತಿಯೊಂದು ಬಣ್ಣವನ್ನೂ ಸೋಸುತ್ತಾರೆ. ಕಾಳು ಕಂಡರೆ ಅವರಿಗೆ ಶತ್ರುವನ್ನು ಕಂಡಂತೆ. ಅವನ ಅಪ್ಪ ಕಲಿಸಿದ ಮೊದಲ ಪಾಠವೇ ಅದು. ಮಗಳ ಹಿಟ್ಟಿನಲ್ಲಿ ಹಳದಿ ಹಳದಿ ಕಾಳು ಕಂಡ ದಿನ, ಆತ ಹೊಸ ಜಾಲರಿ ಬಟ್ಟೆ ಕತ್ತರಿಸಿ ಹೆಂಡತಿಯ ಕೈಗೆ ಕೊಟ್ಟಿದ್ದ.

“ನೋಡಿ, ಹಿಟ್ಟು ಕೆಳಗಿಳಿಯುತ್ತೆ, ಹೊಲಸು ಮೇಲೆ ನಿಲ್ಲುತ್ತೆ. ಪ್ಲಾಸ್ಟಿಕ್ ಕಾಳು ಬೆರೆಸ್ತಾರಕ್ಕ ಕಳ್ಳರು! ತಣ್ಣೀರಿಗೆ ಹಾಕಿ ನೋಡ್ದೆ, ಸಕ್ಕರೆ ಥರ ಕರಗಲೇ ಇಲ್ಲ. ಫೋನಲ್ಲೂ ಒಬ್ಬ ತೋರಿಸ್ತಿದ್ದ, ಹಿಟ್ಟಲ್ಲಿ ಪ್ಲಾಸ್ಟಿಕ್ ಅಂತ. ಒಂದಲ್ಲ ಒಂದಿನ ಅವರ ಮುಖಕ್ಕೆ ಹಿಡೀಬೇಕು ಅಂತ ಸಾಕ್ಷಿ ಎತ್ತಿಟ್ಟಿದ್ದೀನಿ.”

ಸಾಕ್ಷಿ ಇದ್ದದ್ದು ಬಣ್ಣದ ಹಳೆಯ ಡಬ್ಬಿಯೊಂದರಲ್ಲಿ. ಅವನು ಮುಚ್ಚಳ ತೆಗೆದು ನರ್ಸಕ್ಕನ ಮೂಗಿನ ಹತ್ತಿರ ಹಿಡಿದ. ಸಾಸಿವೆಗಿಂತ ಸಣ್ಣ ಸಣ್ಣ ಹಳದಿ ಕಾಳು. ದಡಾರ ಬಂದು ಹೋದಂದಿನಿಂದ ಸೋಸಿ ಸೋಸಿ ತುಂಬಿಟ್ಟದ್ದು.

ನರ್ಸಕ್ಕ ಡಬ್ಬಿಯೊಳಗೆ ನೋಡಿದಳು. ಹಾಗೇ ನೆಲದ ಮೇಲೆ ಕೂತಳು.

“ಅಣ್ಣಾ, ಇದು ಪ್ಲಾಸ್ಟಿಕ್ ಅಲ್ಲ,” ಎಂದಳು ಕೊನೆಗೆ. “ಇದೇ ವಿಟಮಿನ್ ಎ. ನಿನ್ನ ಮಗಳ ಕಣ್ಣಿಗೆ ಹೋಗಬೇಕಾದ್ದನ್ನೆಲ್ಲ ಈ ಡಬ್ಬೀಲಿ ತುಂಬಿಟ್ಟಿದ್ದೀಯ.”

ಹೆಂಡತಿ ಜಾಲರಿ ಬಟ್ಟೆಯನ್ನು ಬೆಂಕಿ ತಾಗಿದಂತೆ ಕೆಳಗೆ ಬಿಟ್ಟಳು. ದಿನವೂ ಅದನ್ನು ತಟ್ಟಿ ತಟ್ಟಿ, ಒಂದು ಕಾಳೂ ಹಿಟ್ಟಿಗಿಳಿಯದ ಹಾಗೆ ಸೋಸಿದ ಕೈ ಅವಳದೇ.

“ಸುಳ್ಳು!” ಅಪ್ಪ ಅರಚಿದ. “ವಿಟಮಿನ್ ಆಗಿದ್ರೆ ನೀರಲ್ಲಿ ಯಾಕೆ ಕರಗಲ್ಲ?”

“ತಣ್ಣೀರಲ್ಲಿ ಕರಗಬಾರದು ಅಂತಲೇ ಹಾಗೆ ಮಾಡಿರೋದು. ನೀನು ಬಣ್ಣದ ಕೆಲಸದವನು, ನಿಂಗೇ ಚೆನ್ನಾಗಿ ಗೊತ್ತಿರುತ್ತೆ. ಎಣ್ಣೆ ಬಣ್ಣಾನ ನೀರಿಗೆ ಹಾಕಿದ್ರೆ ಬೆರೆಯುತ್ತಾ?”

“ಎಲ್ಲಿ ಬೆರೆಯುತ್ತೆ? ಮೇಲೆ ತೇಲ್ತಾ ಇರುತ್ತೆ.”

“ವಿಟಮಿನ್ ಎ ಕೂಡ ಎಣ್ಣೆ ಜಾತಿ. ಹಾಗೇ ಹಿಟ್ಟಿಗೆ ಸುರಿದ್ರೆ ಒಂದು ಕಡೆ ಉಂಡೆ ಕಟ್ಟುತ್ತೆ, ಇನ್ನೊಂದು ಕಡೆ ಒಂದು ಹನೀನೂ ಸಿಗಲ್ಲ. ಗಾಳಿ ತಾಗಿದ್ರೆ ಕೆಡುತ್ತೆ, ಬೆಳಕು ಬಿದ್ರೆ ಕೆಡುತ್ತೆ. ಅದಕ್ಕೇ ಸಣ್ಣ ಸಣ್ಣ ಹನಿ ಮಾಡಿ, ಸುತ್ತಲೂ ಪಿಷ್ಟದ್ದೋ ಇನ್ನೇನದ್ದೋ ಒಂದು ತೆಳು ಪೊರೆ ಕಟ್ತಾರೆ. ತಿನ್ನೋ ವಸ್ತೂನೇ ಅದು. ಚಳಿಗೆ ಮಗೂಗೆ ಸ್ವೆಟರ್ ಹಾಕ್ತೀವಲ್ಲ, ಹಾಗೆ. ಬಿಸಿ ತಾಗಿದಾಗ, ಹೊಟ್ಟೆಗೆ ಹೋದಾಗ ಪೊರೆ ಬಿಚ್ಚಿಕೊಳ್ಳುತ್ತೆ, ಒಳಗಿನ ಹನಿ ಮೈಗೆ ಸೇರುತ್ತೆ.”

ಅಪ್ಪ ತಲೆಯಾಡಿಸಿದ, ಆದರೆ ನಂಬಿದ ಮುಖವಲ್ಲ. ನರ್ಸಕ್ಕ ಒಂದು ಲೋಟದಲ್ಲಿ ಬಿಸಿನೀರು ತರಿಸಿ, ಕೆಲವು ಕಾಳು ಹಾಕಿ, ಚಮಚದಿಂದ ತಿರುಗಿಸುತ್ತ ಕೂತಳು. ಮೊದಲು ಏನೂ ಆಗಲಿಲ್ಲ. ಅಪ್ಪನ ತುಟಿ ಕೊಂಕಿತು. ಸ್ವಲ್ಪ ಹೊತ್ತಿಗೆ ಕಾಳು ಉಬ್ಬಿ, ಮೆತ್ತಗಾಗಿ, ಒಡೆಯಿತು. ನೀರು ಹಳದಿ ಮಜ್ಜಿಗೆಯ ಹಾಗೆ ಕದಡಿತು.

“ಪ್ಲಾಸ್ಟಿಕ್ ಹೀಗೆ ಕರಗುತ್ತಾ ಅಣ್ಣಾ?”

ಅವನು ಡಬ್ಬಿಗೆ ಕೈ ಹಾಕಿ ಮುಷ್ಟಿ ತುಂಬ ಕಾಳು ಬಾಚಿ, “ಬಾ ಮೆಣಸು, ಬಾಯಿ ತೆಗಿ, ಬೇಗ, ಎಲ್ಲಾ ತಿಂದುಬಿಡು” ಎಂದು ಮಗಳ ಗಲ್ಲ ಹಿಡಿದ. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ನರ್ಸಕ್ಕ ಅವನ ಮಣಿಕಟ್ಟಿಗೆ ಹೊಡೆದಳು. ಕಾಳೆಲ್ಲ ಚೆಲ್ಲಿದವು.

“ಹುಚ್ಚು ಹಿಡೀತಾ ನಿಂಗೆ? ಒಂದೇ ಸಲ ಇಷ್ಟು ಹೋದ್ರೆ ಅದೇ ವಿಷ! ಮೇಲಾಗಿ ಬಣ್ಣದ ಡಬ್ಬಿ! ಕಣ್ಣು ಉಳಿಸೋಕೆ ಹೋಗಿ ಮಗೂನೇ ಕಳ್ಕೋತೀಯಾ?”

ಮೆಣಸು ಈಗ ಹೆದರಿ ಅತ್ತಳು. ಅಮ್ಮ ಅವಳನ್ನು ಎತ್ತಿಕೊಂಡಳು. ಚಪ್ಪಲಿ ಮೆಟ್ಟುವುದಕ್ಕೂ ನಿಲ್ಲದೆ ಎಲ್ಲರೂ ಆಸ್ಪತ್ರೆಯ ದಾರಿ ಹಿಡಿದರು. ಡಾಕ್ಟರು ನೋಡಿ, ಅಳತೆಯ ಚಮಚದಲ್ಲಿ ವಿಟಮಿನ್ ಎ ಔಷಧಿ ಕುಡಿಸಿದರು. ನಾಳೆ ಮತ್ತೆ ಬರಬೇಕು, ಕೆಲವು ವಾರ ಬಿಟ್ಟು ಇನ್ನೊಮ್ಮೆ ಬರಬೇಕು, ತಪ್ಪಿಸಬಾರದು ಎಂದರು.

“ನಾನೇ ಮಾಡ್ದೆ. ನಾನೇ ನನ್ನ ಕೈಯಾರೆ ಸೋಸ್ದೆ,” ಎಂದು ಅಮ್ಮ ಮರಳುವ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಅಳುತ್ತಿದ್ದಳು.

“ಇಲ್ಲಿ ಕೇಳು ತಂಗಿ,” ಎಂದಳು ನರ್ಸಕ್ಕ. “ದಡಾರ ಮೈಯಲ್ಲಿದ್ದ ವಿಟಮಿನ್ನನ್ನ ಹೀರಿಬಿಟ್ಟಿತ್ತು. ಸೊಪ್ಪಿಲ್ಲ, ಹಾಲಿಲ್ಲ. ಹಿಟ್ಟೊಂದೇ ಇದ್ದ ದಾರಿ, ಅದೂ ಮುಚ್ಚಿಹೋಯ್ತು. ಆದ್ರೆ ಇದು ಹೀಗೆ ಅಂತ ನಿಂಗೆ ಯಾರಾದ್ರೂ ಹೇಳಿದ್ರಾ?”

ಇಲ್ಲ. ಯಾರೂ ಹೇಳಿರಲಿಲ್ಲ. ಇದನ್ನು ಬರೆಯುತ್ತಿರುವ ನನ್ನ ಸಿಟ್ಟು ಇರುವುದು ಇಲ್ಲಿಯೇ. ಎಣ್ಣೆಯ ಹನಿಗೆ ಪೊರೆ ಹೊದಿಸುವಷ್ಟು ಬುದ್ಧಿ ಓಡಿಸಿದವರಿದ್ದಾರೆ. ಅದನ್ನು ಹಿಟ್ಟಿಗೆ ಬೆರೆಸುವ ಯಂತ್ರವಿದೆ. ಚೀಲ ಹೊತ್ತು ತರುವ ಲಾರಿಯಿದೆ. ಬಡವರ ಮಗುವಿನ ಅಮ್ಮನಿಗೆ ‘ಈ ಹಳದಿ ಕಾಳು ಎಸೀಬೇಡಮ್ಮ’ ಎಂದು ಹೇಳಲು ಮಾತ್ರ ಯಾರಿಗೂ ಬಾಯಿ ಬರಲಿಲ್ಲ! ಕೊಟ್ಟದ್ದನ್ನು ಬಾಯಿಮುಚ್ಚಿಕೊಂಡು ತಿನ್ನುವವರು ಎಂದು ತಿಳಿದಿದ್ದರೇ ನಮ್ಮನ್ನು?

ಅಪ್ಪ ಅಂದೇ ಹಿಟ್ಟಿನ ಚೀಲ ಹೆಗಲಿಗೇರಿಸಿಕೊಂಡು ನರ್ಸಕ್ಕನ ಜೊತೆ ಮಕ್ಕಳ ಕೇಂದ್ರಕ್ಕೆ ಹೋದ. ಮೇಲ್ವಿಚಾರಕನ ಮೇಜಿನ ಮೇಲೆ ಅದನ್ನು ಧೊಪ್ಪನೆ ಹಾಕಿದ. “ಇದರ ಮೇಲೆ ನಗೋ ಮಗು ಚಿತ್ರ ಇಷ್ಟು ದೊಡ್ಡದಿದೆ. ಹಳದಿ ಕಾಳಿನ ಮಾತು ಎಲ್ಲಿದೆ?”

“ಹಿಂದುಗಡೆ ಇದೆಯಲ್ರೀ, ಹೊಲಿಗೆ ಹತ್ರ.”

ಇತ್ತು. ಹೊಲಿಗೆಯ ಮಡಿಕೆಯೊಳಗೆ, ಇರುವೆಯ ಸಾಲಿನಂಥ ಅಕ್ಷರಗಳಲ್ಲಿ.

“ಇಷ್ಟು ಸಣ್ಣ ಅಕ್ಷರ ನಾನು ಅಚ್ಚು ಹಾಕಿದ್ರೆ ಗಿರಾಕಿ ಚೀಲಾನ ನನ್ನ ಮುಖಕ್ಕೆ ಎಸೀತಾನೆ ಸ್ವಾಮಿ! ನಾನು ಅನುಮಾನ ಪಟ್ಟು ಸೋಸ್ದೆ. ಬಂದು ಕೇಳದೆ ಇದ್ದದ್ದು ನನ್ನ ತಪ್ಪು, ಅದನ್ನ ನಾನು ಸಾಯೋವರೆಗೂ ಹೊತ್ಕೋತೀನಿ. ಹೇಳದೆ ಕೊಟ್ರಲ್ಲ, ಅದನ್ನ ಯಾರು ಹೊತ್ಕೋತಾರೆ?”

ಮೇಲ್ವಿಚಾರಕ ತಲೆ ತಗ್ಗಿಸಿದ. ಬಾಗಿಲಲ್ಲಿ ಹಿಟ್ಟಿಗೆ ಬಂದ ತಾಯಂದಿರು ಗುಂಪುಗೂಡಿದ್ದರು. “ನಾನೂ ಆ ಕಾಳನ್ನ ಆರಿಸಿ ಕೋಳಿಗೆ ಹಾಕ್ತಿದ್ದೆ” ಎಂದಳು ಒಬ್ಬಳು ಮೆಲ್ಲಗೆ. ಎಲ್ಲರೂ ಅವಳತ್ತ ತಿರುಗಿದರು. ಅವಳ ಕಂಕುಳಲ್ಲಿ ಒಂದು ಮಗುವಿತ್ತು.

ಅಂದಿನಿಂದ ಪ್ರತಿ ಚೀಲಕ್ಕೂ ದೊಡ್ಡ ಅಕ್ಷರದ ಚೀಟಿ ಅಂಟಿಸಬೇಕೆಂದು ತೀರ್ಮಾನವಾಯಿತು. ಅಚ್ಚು ಹಾಕಿಕೊಡುವವನು ಮೆಣಸಿನ ಅಪ್ಪನೇ. ಅವನು ಮೊದಲು ‘ಸೂಕ್ಷ್ಮ ಕವಚಯುಕ್ತ ಪೋಷಕಾಂಶ’ ಎಂದೆಲ್ಲ ಬರೆದಿದ್ದ. ಹೆಂಡತಿ ಓದಿ ಹರಿದು ಹಾಕಿದಳು. “ನಂಗೆ ಅರ್ಥವಾಗೋ ಹಾಗೆ ಬರೀರಿ. ಹಿಟ್ಟು ಕಲಸೋದು ನಾನು.”

ಔಷಧಿ ಹೊಟ್ಟೆಗೆ ಬಿದ್ದ ಮೇಲೂ ಇಬ್ಬರೂ ಮುಸ್ಸಂಜೆಯಲ್ಲಿ ಮಗಳನ್ನೇ ಗಮನಿಸುತ್ತಿದ್ದರು. ಕಾಣುತ್ತದೆಯೇ ಎಂದು ಅವಳನ್ನು ಕೇಳಲು ಧೈರ್ಯವಿಲ್ಲ. ಏನು ಉತ್ತರ ಬಂದೀತೋ ಎಂಬ ಭಯ.

ಹೀಗೇ ಒಂದು ಸಂಜೆ ಬೆಳಕು ಇಳಿಯುತ್ತಿತ್ತು, ದೀಪ ಇನ್ನೂ ಹಾಕಿರಲಿಲ್ಲ. ಅಪ್ಪ ಅಚ್ಚಿನ ಚೌಕಟ್ಟು ಎತ್ತಿ ಚೀಟಿಯೊಂದನ್ನು ಪಕ್ಕಕ್ಕಿಟ್ಟ. ಮೇಜಿನ ಆ ತುದಿಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಮೆಣಸು ಮೂಗು ಮುರಿದಳು.

“ಅಪ್ಪಾ, ಅದು ಕೆಟ್ಟೋಗಿದೆ. ಅಕ್ಷರಕ್ಕೆ ಬಾಲ ಬಂದಿದೆ ನೋಡು.”

ಅಪ್ಪ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದ. ಕೂದಲೆಳೆಯಷ್ಟು ಬಣ್ಣ ಹರಡಿತ್ತು. ಅವನಿಗೇ ಕಂಡಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಬಾಯಿಗೆ ಸೆರಗು ಒತ್ತಿ ನಿಂತಿದ್ದಳು.

“ಯಾಕಪ್ಪಾ ಅಳ್ತೀಯ? ಇನ್ನೊಂದು ಹಾಕು, ಅಷ್ಟೇ ತಾನೆ?” ಎಂದಳು ಮೆಣಸು.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೆ ಬರುವ ಪೌಷ್ಟಿಕ ಹಿಟ್ಟಿನಲ್ಲಿ ಹಳದಿ ಕಾಳೋ ಬೇರೆ ಬಣ್ಣದ ಕಾಳೋ ಕಂಡರೆ ಆರಿಸಿ ಎಸೆಯುವ ಮೊದಲು ಕೇಳಿ. ಚೀಲದ ಮೇಲೆ ಏನು ಬರೆದಿದೆ ಎಂದು ಓದಿಸಿ. ಕಂಡ ಕಾಳೆಲ್ಲ ಒಳ್ಳೆಯದೇ ಎಂದು ನಾನು ಹೇಳುತ್ತಿಲ್ಲ. ಅನುಮಾನವಿದ್ದರೆ ಚೀಲ ಹೊತ್ತುಕೊಂಡೇ ಹೋಗಿ, ಉತ್ತರ ಸಿಗುವವರೆಗೆ ಬಾಗಿಲು ಬಿಟ್ಟು ಕದಲಬೇಡಿ. ಜೀವಸತ್ವದ ಕಾಳೆಂದು ಗೊತ್ತಾದ ಮೇಲೆ ಸೋಸಬೇಡಿ. ಹಿಟ್ಟನ್ನು ಬಿಸಿಲಿಗೆ ಹರಡಬೇಡಿ, ಮುಚ್ಚಳ ಭದ್ರ ಮಾಡಿ ನೆರಳಲ್ಲಿಡಿ. ಗಂಜಿಯನ್ನು ಹದಕ್ಕೆ ಕುದಿಸಿ ಇಳಿಸಿ, ಅರ್ಧ ಚಮಚ ಎಣ್ಣೆ ಬೆರೆಸಿದರೆ ಮಗುವಿನ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ. ಹೆಚ್ಚು ಕೊಟ್ಟರೆ ಹೆಚ್ಚು ಒಳ್ಳೆಯದೆಂದು ನೀವಾಗಿ ಮಾತ್ರೆ, ಔಷಧಿ ಕೊಡಬೇಡಿ. ಮುಸ್ಸಂಜೆಯಲ್ಲಿ ಮಗು ಎಡವಿದರೆ, ತಡಕಾಡಿದರೆ ಬೈಯಬೇಡಿ, ಎತ್ತಿಕೊಂಡು ಆಸ್ಪತ್ರೆಗೆ ಓಡಿ.

ಮತ್ತೆ ಒಂದು ಮಾತು. ಆ ಕೇಂದ್ರದ ಬಾಗಿಲಲ್ಲಿ ಮೆಲ್ಲಗೆ ಬಾಯಿಬಿಟ್ಟ ತಾಯಿಯ ಮಗುವಿನ ಕಣ್ಣನ್ನೂ ನರ್ಸಕ್ಕ ಅಲ್ಲೇ ನೋಡಿದಳು. ಸಮಯಕ್ಕೆ ಸರಿಯಾಗಿ ನೋಡಿದಳು. ನಿಮ್ಮ ಬೀದಿಯಲ್ಲಿ ಹಾಗೆ ಕಾಳು ಆರಿಸುತ್ತ ಕೂತ ಇನ್ನೊಬ್ಬ ತಾಯಿ ಇದ್ದಾಳೆ. ಈ ಹಾಳೆ ಮಡಚಿಡುವ ಮೊದಲು ಎದ್ದು ಹೋಗಿ ಅವಳ ಬಾಗಿಲು ಬಡಿಯಿರಿ.